ಬದನೆಕಾಯಿ ಬಣ್ಣ

ನೀಲಿ ಬಣ್ಣದ ಅಡಿಗೆರೆ ಕಂಡರೆ ಆಗ ನನಗೆ ಮೈ ಉರಿಯುತ್ತಿತ್ತು. 2007ರ ಮಾತು. ಚಾಮರಾಜನಗರದ ಬಸ್ ಸ್ಟ್ಯಾಂಡ್ ಹತ್ತಿರ, ಔಷಧಿ ಅಂಗಡಿಯ ಮಹಡಿ ಮೇಲೆ ರಂಗಸ್ವಾಮಿ ಸರ್ ನಡೆಸುತ್ತಿದ್ದ ಕಂಪ್ಯೂಟರ್ ಸೆಂಟರಿನಲ್ಲಿ ನಾನು ಪಾಠ ಹೇಳುತ್ತಿದ್ದೆ. ಪಾಠ ಇಲ್ಲದ ಹೊತ್ತಿನಲ್ಲಿ ಶಾಲೆಗಳಿಗೆ, ಬಿತ್ತನೆ ಬೀಜದ ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೆ. ಮೊದಲ ದಿನವೇ ಹುಡುಗ ಹುಡುಗಿಯರಿಗೆ ಹೇಳಿಬಿಡುತ್ತಿದ್ದೆ: "ಬಣ್ಣ, ಅಳತೆ ಏನೂ ಹೇಳದೆ ಇದ್ರೆ ಪುಟ ಖಾಲಿ ಇರುತ್ತೆ ಅಂದ್ಕೋಬೇಡಿ. ನೀವು ಬಾಯಿ ಮುಚ್ಕೊಂಡಿದ್ರೆ ಬ್ರೌಸರ್ ಬಾಯಿ ಬಿಡುತ್ತೆ." ತಲೆಬರಹವನ್ನು ತಾನೇ ದಪ್ಪ ಮಾಡುತ್ತದೆ, ಅಂಚಿನಲ್ಲಿ ನಮ್ಮನ್ನು ಕೇಳದೆ ಜಾಗ ಬಿಡುತ್ತದೆ, ಲಿಂಕಿಗೆ ನೀಲಿ ಬಳಿದು ಕೆಳಗೊಂದು ಗೆರೆ ಎಳೆಯುತ್ತದೆ. ಹೋಗಲಿ, ಎಲ್ಲ ಬ್ರೌಸರುಗಳೂ ಒಂದೇ ಥರ ಮಾಡುತ್ತವೆಯೇ? ಅದೂ ಇಲ್ಲ. ಇದು ಎಡಕ್ಕೆ ಎಳೆದರೆ ಅದು ಬಲಕ್ಕೆ. ಹೀಗಾಗಿ ಯಾವ ಪುಟ ಶುರು ಮಾಡಿದರೂ ಮೊದಲು ಈ ಹುಟ್ಟುಗುಣವನ್ನೆಲ್ಲ ತೊಳೆದು ಸೊನ್ನೆ ಮಾಡಿ, ಆಮೇಲೆ ನನಗೆ ಬೇಕಾದ ಹಾಗೆ ಸಿಂಗಾರ ಮಾಡುತ್ತಿದ್ದೆ.

ಒಂದೇ ಒಂದು ಪುಟದಲ್ಲಿ ಒಂದು ಲಿಂಕನ್ನು ಮಾತ್ರ ಮುಟ್ಟದೆ ಬಿಟ್ಟಿದ್ದೆ. ಅದು ನನ್ನ ತಮ್ಮ ಹಾರಿಸನಿಗಾಗಿ ಹಾಕಿದ್ದು.

ನಮ್ಮ ಅಬ್ಬಾ ಮಹಮ್ಮದ್ ಇಸ್ಮಾಯಿಲ್ ಹಾಸಿಗೆ ಹೊಲಿಯುವವರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಮದುವೆ ಕಾಲ ಬಂತೆಂದರೆ ಹತ್ತಿ ಹಿಂಜಿದ ಧೂಳಿಗೆ ಮನೆಮಂದಿಯೆಲ್ಲ ಕೆಮ್ಮುತ್ತಿದ್ದೆವು. ಹಾರಿಸನ ಹೊಲಿಗೆ ಅಬ್ಬಾನ ಹೊಲಿಗೆಗಿಂತ ನೇರ, ಆದರೆ ಆಸಾಮಿ ನಿದ್ದೆಬುರುಕ. ಅದಕ್ಕೂ ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಭೀಮನಬೀಡಿನವರು ಮಗಳ ಮದುವೆಗೆಂದು ಹೇಳಿ ಮಾಡಿಸಿದ್ದ ಹಾಸಿಗೆಯ ಮೇಲೆ ಮಹಾಶಯ ಕಾಲು ಚಾಚಿ ಗೊರಕೆ ಹೊಡೆಯುತ್ತಿದ್ದ. ಅದೇ ಹೊತ್ತಿಗೆ ಹೆಣ್ಣಿನ ಕಡೆಯವರು ಹಾಸಿಗೆ ಒಯ್ಯಲು ಬಂದರು. ಅಬ್ಬಾ ಅವರೆದುರೇ ಅವನ ಕೆನ್ನೆಗೆ ಬಾರಿಸಿದರು. ಇಪ್ಪತ್ತು ವರ್ಷದ ಹುಡುಗ. ದಡಬಡಿಸಿ ಎದ್ದು, ಕೆನ್ನೆ ಹಿಡಿದುಕೊಂಡು, ಬಾಗಿಲಲ್ಲಿ ನಿಂತಿದ್ದ ನನ್ನ ಮುಖ ನೋಡಿದ. ನಾನು ನಕ್ಕುಬಿಟ್ಟೆ.

ಸಂಜೆ ಗುಂಡ್ಲುಪೇಟೆ ಬಸ್ಸು ಹತ್ತಿದವನು ಮತ್ತೆ ಬರಲಿಲ್ಲ. ಹೊಡೆದದ್ದು ಅಬ್ಬಾ ಇರಬಹುದು, ಅವನು ಹೋದದ್ದು ನನ್ನ ನಗುವಿಗೆ. ಈ ಮಾತನ್ನು ನನಗೆ ಯಾರೂ ಹೇಳಿಲ್ಲ, ಯಾರೂ ಹೇಳಬೇಕಾಗಿಯೂ ಇಲ್ಲ. ಅಬ್ಬಾ ಅಂದಿನಿಂದ ಅವನ ಹೆಸರೆತ್ತಲಿಲ್ಲ. ಅಮ್ಮ ಮಾತ್ರ ಶುಕ್ರವಾರ ಶುಕ್ರವಾರ ಅವನ ಅಂಗಿಗಳನ್ನು ಒಗೆದು, ಒಣಗಿಸಿ, ಮಡಿಸಿ ಇಡುತ್ತಿದ್ದಳು. ತೊಟ್ಟುಕೊಳ್ಳುವವರಿಲ್ಲದ ಬಟ್ಟೆಗೆ ಎಷ್ಟು ಸಲ ಸೋಪು ಹಾಕುತ್ತೀಯಮ್ಮ ಎಂದು ಒಮ್ಮೆ ರೇಗಿದ್ದೆ. ಆಮೇಲೆ ಬಚ್ಚಲಲ್ಲಿ ನಿಂತು ನಾನೇ ಅತ್ತೆ.

ಅವನ ಸುದ್ದಿ ಸಿಕ್ಕಿದ್ದು ಒಂದೇ ಸಲ. ಗುಂಡ್ಲುಪೇಟೆಯಲ್ಲಿ ಬಳೆ ಅಂಗಡಿ ಇಟ್ಟಿರುವ ನಮ್ಮ ಚಿಕ್ಕಮ್ಮನ ಮಗ ಯಾಸಿರ್, ಊಟಿ ರಸ್ತೆಯ ಒಂದು ಸೈಬರ್ ಸೆಂಟರಿನಲ್ಲಿ ಹಾರಿಸನನ್ನು ಕಂಡಿದ್ದ. ಕೇರಳಕ್ಕೆ ತರಕಾರಿ ಒಯ್ಯುವ ಲಾರಿಯಲ್ಲಿದ್ದೇನೆ ಎಂದನಂತೆ. ಮನೆಗೆ ಬಾ ಎಂದರೆ ತಲೆ ಬಗ್ಗಿಸಿದನಂತೆ. ಕೊನೆಗೆ ಒಂದು ಚೀಟಿಯಲ್ಲಿ ಮೇಲ್ ವಿಳಾಸ ಬರೆದುಕೊಟ್ಟು ಹೊರಟುಹೋದನಂತೆ. ಮಾರನೆಯ ದಿನವೇ ನಾನೂ ಅಮ್ಮನೂ ಆ ಸೈಬರಿಗೆ ಓಡಿದೆವು. ಅದರ ಮಾಲೀಕ ತಲೆಯೆತ್ತದೆ ಹೇಳಿದ: "ಲಾರಿ ಹುಡುಗ್ರಾ? ಬತ್ತಾರೆ, ಓಯ್ತಾರೆ. ಯಾವನ ಹೆಸ್ರು ಅಂತ ಇಟ್ಕಳದು ಬುಡಿ."

ಚೀಟಿಯ ವಿಳಾಸಕ್ಕೆ ನಾನು ಹನ್ನೊಂದು ಮೇಲ್ ಕಳಿಸಿದೆ. ಒಂದೂ ವಾಪಸ್ ಬರಲಿಲ್ಲ, ಒಂದಕ್ಕೂ ಉತ್ತರ ಬರಲಿಲ್ಲ.

"ಸೇರ್ತದೋ ಇಲ್ವೋ, ಅಷ್ಟಾದ್ರೂ ಗೊತ್ತಾಗಬ್ಯಾಡ್ವ?" ಎಂದು ಅಮ್ಮ ಕೇಳುತ್ತಿದ್ದಳು. ಅಮ್ಮನ ಹೆಸರು ಖುರ್ಷೀದ್ ಬೇಗಂ. ಮನೆಯಲ್ಲಿ ನಾವು ಆಡುವುದು ಉರ್ದು. ಆದರೆ ಅಮ್ಮ ಹುಟ್ಟಿ ಬೆಳೆದದ್ದು ಕುದೇರಿನಲ್ಲಿ, ಒಕ್ಕಲಿನ ಮನೆಗಳ ನಡುವೆ. ಸಿಟ್ಟು ಬಂದರೂ ಸಂಕಟ ಬಂದರೂ ಅವಳ ಬಾಯಲ್ಲಿ ಕುದೇರಿನ ಕನ್ನಡವೇ. ಈ ಎರಡು ವರ್ಷದಲ್ಲಿ ಉರ್ದು ಕಡಿಮೆಯಾಗಿಬಿಟ್ಟಿತ್ತು.

ಒಂದು ದಿನ ಊಟದ ಡಬ್ಬಿ ಕೊಡಲು ಸೆಂಟರಿಗೆ ಬಂದವಳು ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತಳು. ನಾನು ಯಾವುದೋ ಪುಟದಲ್ಲಿ ಒಂದು ನೀಲಿ ಲಿಂಕು ಒತ್ತಿ, ಓದಿ, ಹಿಂದಕ್ಕೆ ಬಂದೆ. ಅಮ್ಮ ಪರದೆಯ ಹತ್ತಿರ ಮುಖ ಒಯ್ದಳು.

"ಇದ್ಯಾಕಮ್ಮಿ ಬದ್ನೇಕಾಯ್ ಬಣ್ಣಕ್ಕೆ ತಿರುಗ್ತು?"

"ನೋಡಾಯ್ತು ಅಂತ ಗುರುತಮ್ಮ. ನೋಡ್ದೆ ಇರೋದು ನೀಲಿ. ನೋಡಿದ್ಮೇಲೆ ಹಿಂಗಾಗ್ತದೆ."

"ಅಂಗಾರೆ ನಮ್ ಹಾರಿಸ್ ನೋಡುದ್ರೂ ತಿರುಗ್ತದಾ?"

ಇಲ್ಲ ಎನ್ನಬೇಕಿತ್ತು. ಆ ಬಣ್ಣ ತಿರುಗುವುದು ಲಿಂಕು ಒತ್ತಿದ ಕಂಪ್ಯೂಟರಿನಲ್ಲಿ ಮಾತ್ರ. ಗುಂಡ್ಲುಪೇಟೆಯಲ್ಲಿ ಅವನು ಒತ್ತಿದರೆ ಚಾಮರಾಜನಗರದ ಈ ಪೆಟ್ಟಿಗೆಗೆ ಏನೂ ತಿಳಿಯುವುದಿಲ್ಲ. ಪಾಠ ಹೇಳುವವಳು ನಾನು, ಇಷ್ಟು ಗೊತ್ತಿಲ್ಲವೇ? ಆದರೆ ಎರಡು ವರ್ಷದ ಮೇಲೆ ಅಮ್ಮನ ಮುಖ ಹಾಗೆ ಅರಳಿದ್ದನ್ನು ಅಂದೇ ಕಂಡದ್ದು. "ಹೂಂ" ಎಂದುಬಿಟ್ಟೆ. ಹಾಳು ಬಾಯಿ.

ಅದೇ ವಾರ ಅಬ್ಬಾನ ಅಂಗಡಿಗೆ ಒಂದು ಪುಟ ಮಾಡಿದೆ. ಕೆಳಗೆ ಹಾರಿಸನ ಹೆಸರಿನಲ್ಲಿ ಒಂದು ಲಿಂಕು. ಸೈಬರುಗಳಲ್ಲಿ ಕನ್ನಡ ಹಾಕಿದರೆ ಬರೀ ಚೌಕ ಚೌಕವಾಗಿ ಕಾಣುತ್ತಿದ್ದ ಕಾಲ, ಹಾಗಾಗಿ ಇಂಗ್ಲಿಷ್ ಅಕ್ಷರದಲ್ಲೇ ಬರೆದೆ. ಒತ್ತಿದರೆ ಅಮ್ಮ ಹೇಳಿ ಬರೆಸಿದ ನಾಲ್ಕು ಮಾತು ತೆರೆದುಕೊಳ್ಳುತ್ತಿತ್ತು: "ಊಟ ಸರ್ಯಾಗಿ ಮಾಡ್ತಿದ್ದೀಯಾ? ನಿಮ್ಮಬ್ಬಂಗೆ ಮಂಡಿ ನೋವು ಜಾಸ್ತಿ ಆಗ್ಬುಟ್ಟದೆ. ಯಾರೂ ಏನೂ ಅನ್ನಾಕಿಲ್ಲ. ಬಂದ್ಬುಡು ಮಗ." ಪುಟದ ವಿಳಾಸವನ್ನು ಅವನಿಗೆ ಮೇಲ್ ಮಾಡಿದೆ. ನನ್ನ ಕಂಪ್ಯೂಟರಿನಲ್ಲಿ ಆ ಲಿಂಕನ್ನು ಯಾರೂ ಒತ್ತಕೂಡದೆಂದು ಪರದೆಗೆ ಚೀಟಿ ಅಂಟಿಸಿದೆ.

ರಂಗಸ್ವಾಮಿ ಸರ್‌ಗೆ ಅದನ್ನು ಕಂಡು ತಡೆಯಲಾಗಲಿಲ್ಲ. "ಏನ್ ಮೇಡಮ್ಮೋರೆ, ಊರೋರ ಪುಟಕ್ಕೆಲ್ಲ ಜರಿ ಸೀರೆ ಉಡಿಸ್ತೀರಿ, ನಿಮ್ಮಪ್ಪಾರ್ ಅಂಗಡಿಗೆ ಮಾತ್ರ ಈ ನೀಲಿ ಗೆರೆ ಬುಟ್ಟಿದ್ದೀರಲ್ಲ? ತೆಗೀರಿ ಅದ, ಅಸಯ್ಯವಾಗ್ ಕಾಣ್ತದೆ."

"ಇರ್ಲಿ ಬಿಡಿ ಸರ್. ನಿಮ್ ಕಣ್ಣಿಗೇನ್ ಚುಚ್ತಾ ಇದ್ಯಾ?" ಎಂದೆ.

ಅಂದಿನಿಂದ ಪ್ರತಿ ಶುಕ್ರವಾರ ಅಮ್ಮ ಬುರ್ಖಾ ಎತ್ತಿ ಹಿಡಿದು ಏದುಸಿರು ಬಿಡುತ್ತಾ ಮಹಡಿ ಹತ್ತುತ್ತಿದ್ದಳು. ಒಂದು ಅಕ್ಷರ ಓದಲು ಬಾರದವಳು ಪರದೆಯ ತಳದ ಆ ಒಂದು ಸಾಲನ್ನು ಬೆರಳಿಟ್ಟು ಗುರುತಿಸುತ್ತಿದ್ದಳು. "ಇನ್ನೂವೆ ನೀಲಿನೇ ಅದೆ" ಎನ್ನುತ್ತಿದ್ದಳು. ಮತ್ತೆ ಮೆಟ್ಟಿಲಿಳಿದು ಹೋಗುತ್ತಿದ್ದಳು. ಕಿಟಕಿಯಿಂದ ಅವಳ ಬೆನ್ನು ನೋಡುತ್ತಾ ನಿಲ್ಲುತ್ತಿದ್ದೆ. ಒಂದು ಮೇಲಿಗಾದರೂ ಉತ್ತರ ಹಾಕಬಾರದೇನೋ ಕತ್ತೆ ಎಂದು ಬೈದುಕೊಳ್ಳುತ್ತಿದ್ದೆ. ಆಮೇಲೆ, ನೀನು ಹೇಗಿದ್ದರೂ ಸರಿ, ಒಂದು ಸಲ ಬಂದು ಈ ಅಕ್ಕನನ್ನು ಆಪಾ ಅಂತ ಕರಿ ಎಂದು ಬೇಡಿಕೊಳ್ಳುತ್ತಿದ್ದೆ.

ಹೀಗೆ ಐದು ತಿಂಗಳು. ರಂಜಾನೂ ಬಂತು, ಹೋಯಿತು. ಹಬ್ಬದ ಮರುವಾರ ಅಮ್ಮ ಮಹಡಿ ಹತ್ತುವಾಗ ಮಧ್ಯದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮೈಯಲ್ಲಿ ರಕ್ತವಿಲ್ಲ, ಊಟ ಸೇರುತ್ತಿಲ್ಲ. "ನೀನೇ ನೋಡ್ಕ ಬಾರಮ್ಮಿ, ನಂಗಾಗಕಿಲ್ಲ" ಎಂದಳು. ನಾನು ಮೇಲೆ ಹೋದೆ. ಆ ಲಿಂಕಿಗೆ ನೇರಳೆ ಬಣ್ಣ ಇರಲಿ ಎಂದು ಒಂದೇ ಒಂದು ಸಾಲು ಬರೆದೆ. ಬ್ರೌಸರಿನ ಹುಟ್ಟುಗುಣದ ಮೇಲೆ ನಮ್ಮ ಮಾತು ನಡೆಯುತ್ತದಲ್ಲ, ಅರೆಗಳಿಗೆಯಲ್ಲಿ ನೀಲಿ ಹೋಗಿ ಬದನೆಕಾಯಿ ಬಣ್ಣ ಬಂತು. ಕೆಳಗಿಳಿದು ಅಮ್ಮನ ಕೈ ಹಿಡಿದು ಕರೆತಂದು ತೋರಿಸಿದೆ.

ಅಮ್ಮ ಪರದೆಯನ್ನೇ ಮುಟ್ಟಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ನೋಡವ್ನೆ ಕಣಮ್ಮಿ! ನನ್ ಮಗ ನೋಡವ್ನೆ!" ಎಂದು ಸೆಂಟರಿನ ಹುಡುಗಿಯರ ಗಲ್ಲವನ್ನೆಲ್ಲ ಸವರಿದಳು.

ಆ ವಾರ ನಮ್ಮ ಮನೆಗೆ ಜೀವ ಬಂತು. ಅಮ್ಮ ಎರಡು ಹೊತ್ತು ಉಂಡಳು. ಹಾರಿಸ್ ಬರುತ್ತಾನೆ ಎಂದು ಬೀದಿಗೆಲ್ಲ ಹೇಳಿಬಂದಳು. ಅಬ್ಬಾ, ಆ ಮಂಡಿ ನೋವಿನ ಮನುಷ್ಯ, ಸಂಜೆಯಾದರೆ ನಮಾಜು ಮುಗಿಸಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲತೊಡಗಿದರು. ಗುಂಡ್ಲುಪೇಟೆಯ ಕೊನೆ ಬಸ್ಸು ಖಾಲಿಯಾದ ಮೇಲೆ ಮನೆಗೆ ಬಂದು, ದಾರ ತರಲು ಹೋಗಿದ್ದೆ ಎನ್ನುತ್ತಿದ್ದರು. ಕೈಯಲ್ಲಿ ದಾರ ಇರುತ್ತಿರಲಿಲ್ಲ. ನಾನು ಒಳ್ಳೆಯದನ್ನೇ ಮಾಡಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಎರಡನೆಯ ವಾರ ಅಮ್ಮ ಬಾಗಿಲಿಗೆ ಬಂದು ಅವನ ದಾರಿ ನೋಡುವುದು ಕಡಿಮೆಯಾಯಿತು. ಮೂರನೆಯ ವಾರ ಅವನ ಅಂಗಿಗಳನ್ನು ಒಗೆಯಲಿಲ್ಲ. ನಾಲ್ಕನೆಯ ಶುಕ್ರವಾರ ಬೆಳಿಗ್ಗೆ ನಾನು ಸೆಂಟರಿಗೆ ಹೊರಡುವಾಗ, ಹಾರಿಸನ ಹಾಸಿಗೆಯನ್ನು ಒಬ್ಬಳೇ ಎಳೆದುಕೊಂಡು ಬಂದು ಅಬ್ಬಾನ ಮುಂದೆ ಕೆಡವಿದಳು.

"ಇದ ಬಿಚ್ಬುಡಿ. ಹತ್ತಿ ಬ್ಯಾರೆಯೋರ ಹಾಸ್ಗೆಗಾದ್ರೂ ಆಯ್ತದೆ."

"ಯಾಕಮ್ಮ?" ಎಂದೆ.

ಅಮ್ಮ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. "ನೋಡ್ದೆ ಇದ್ದಾಗ ಸುದ್ದಿ ಮುಟ್ಟಿಲ್ಲ ಅಂದ್ಕಂಡಿದ್ದೆ. ಎರಡ್ ವರ್ಸ ಅಂಗೇ ತಳ್ದೆ ಕಣಮ್ಮಿ. ಈಗ ನೋಡುದ್ನಲ್ಲ. ನಾನು ಬಾ ಅಂದುದ್ದ ನೋಡ್ಬುಟ್ಟೂ ಬರ್ನಿಲ್ಲ. ಅವ್ನಿಗೆ ನಾವು ಬ್ಯಾಡ."

ಅಯ್ಯೋ ಪಾಪಿ, ಎಂಥ ಕೆಲಸ ಮಾಡಿದೆ ನಾನು! ಸಮಾಧಾನ ಮಾಡುತ್ತೇನೆಂದು ಹೋಗಿ ಮಗನನ್ನೇ ಅವಳಿಂದ ಕಿತ್ತುಕೊಂಡಿದ್ದೆ. ಅಮ್ಮನ ರಟ್ಟೆ ಹಿಡಿದು ಬೀದಿಯುದ್ದಕ್ಕೂ ಎಳೆದುಕೊಂಡೇ ಹೋದೆ. ಅವಳು "ಬುಡೇ, ಉಚ್ಚೀ" ಎಂದು ಕೊಸರಿಕೊಂಡರೂ ಬಿಡಲಿಲ್ಲ. ಮಹಡಿ ಹತ್ತಿಸಿ ಕುರ್ಚಿಯಲ್ಲಿ ಕೂರಿಸಿದೆ. ರಂಗಸ್ವಾಮಿ ಸರ್ ನಮ್ಮನ್ನು ನೋಡಿ, ಟೀ ಕುಡಿದು ಬರುತ್ತೇನೆ ಎಂದು ಕೆಳಗಿಳಿದು ಹೋದರು.

"ಈ ಬಣ್ಣ ಹಾರಿಸ್ ತಿರುಗ್ಸಿದ್ದಲ್ಲಮ್ಮ. ನಾನು ಬಳ್ದಿದ್ದು."

"ಅಂದ್ರೆ?"

"ನೀನು ಕೊರಗೋದ ನೋಡಕ್ಕಾಗ್ದೆ ಬಳ್ದ್‌ಬುಟ್ಟೆ. ಇನ್ನೊಂದು ಕೇಳು. ಅವ್ನು ಗುಂಡ್ಲುಪೇಟೇಲಿ ನೋಡುದ್ರೂ ಇಲ್ಲಿ ಬಣ್ಣ ತಿರುಗಲ್ಲ. ಈ ಪೆಟ್ಗೇಲಿ ಒತ್ತುದ್ರೆ ಮಾತ್ರ ತಿರುಗೋದು. ಅವತ್ತು ನೀನ್ ಕೇಳ್ದಾಗ್ಲೇ ಹೇಳ್ಬೇಕಿತ್ತು. ಸುಳ್ಳು ಹೇಳ್ದೆ."

ಅಮ್ಮ ನನಗೆ ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪರದೆಯ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡಳು.

"ಅಂಗಾರೆ ಅವ್ನು ನೋಡವ್ನೆ ಅಂತ ಏನಿಲ್ಲ?"

"ಇಲ್ಲ."

"ನೋಡಿಲ್ಲ ಅಂತ್ಲೂ ಏನಿಲ್ಲ?"

"ಗೊತ್ತಿಲ್ಲಮ್ಮ. ನಂಗೇನೂ ಗೊತ್ತಿಲ್ಲ" ಎಂದು ನಾನು ಅಳತೊಡಗಿದೆ.

"ಅಳ್ಬ್ಯಾಡ. ನಿನ್ ಬಣ್ಣ ತೆಗಿ ಮೊದ್ಲು."

ನಾನು ಬರೆದ ಸಾಲನ್ನು ಅಳಿಸಿದೆ. ಪುಟವನ್ನು ಮತ್ತೆ ತೆರೆದೆ. ನನ್ನ ಮಾತು ಇಲ್ಲವಾದ ಜಾಗದಲ್ಲಿ ಬ್ರೌಸರ್ ತನ್ನ ನೀಲಿಯನ್ನು ತಾನೇ ಬಳಿದುಕೊಂಡಿತು, ಕೆಳಗೆ ಗೆರೆಯನ್ನೂ ಎಳೆದುಕೊಂಡಿತು. ಅಮ್ಮ ಆ ಸಾಲಿನ ಮೇಲೆ ಬೆರಳಿಟ್ಟಳು. ನಾನು ಹೇಳಿದ್ದೆಲ್ಲ ಅವಳಿಗೆ ಚೆನ್ನಾಗಿ ಅರ್ಥವಾಗಿತ್ತು, ಅದು ನನಗೆ ಗೊತ್ತು.

"ನೋಡಿಲ್ಲ ಕಣಮ್ಮಿ" ಎಂದಳು. "ನೋಡಿದ್ರೆ ಬರ್ದೆ ಇರ್ತಿದ್ನಾ ನನ್ ಮಗ?"

ಮರುಗಳಿಗೆಯೇ ಎದೆ ಬಡಿದುಕೊಂಡು ಎದ್ದಳು. "ಅಯ್ಯೋ, ನಿಮ್ಮಬ್ಬ ಬಿಚ್ಬುಟ್ಟಾರು! ಬಾರಮ್ಮಿ, ಓಗನ!"

ನಾವು ಓಡಿಕೊಂಡು ಬಂದಾಗ ಅಬ್ಬಾ ಹಾಸಿಗೆಯ ಒಂದು ಬದಿಯ ಹೊಲಿಗೆಯನ್ನು ಪೂರ್ತಿ ಬಿಚ್ಚಿದ್ದರು. ಹತ್ತಿಯನ್ನು ಮಾತ್ರ ಹೊರಗೆ ತೆಗೆದಿರಲಿಲ್ಲ. ಬಿಚ್ಚಿದ ಬಾಯಿಯೊಳಗೆ ಮೊಣಕೈವರೆಗೆ ಕೈ ಇಟ್ಟುಕೊಂಡು ಸುಮ್ಮನೆ ಕೂತಿದ್ದರು. ಅಮ್ಮ ಬಾಗಿಲಲ್ಲೇ ನಿಂತು ಏದುಸಿರಿನಲ್ಲಿ ಹೇಳಿದಳು: "ಬ್ಯಾಡ ಬುಡಿ. ಅವ್ನಿಗೆ ಇನ್ನೂ ಸುದ್ದಿನೇ ಮುಟ್ಟಿಲ್ವಂತೆ."

ಅಬ್ಬಾ ಕೈ ಹೊರಗೆ ತೆಗೆದು ದಬ್ಬಣ ಎತ್ತಿಕೊಂಡರು. ದಾರದ ತುದಿಯನ್ನು ನಾಲಿಗೆಗೆ ಒತ್ತಿ ಮೂರು ಸಲ ಪೋಣಿಸಲು ನೋಡಿದರು. ಕಣ್ಣು ತುಂಬಿಕೊಂಡು ಅವರಿಗೆ ಏನೂ ಕಾಣುತ್ತಿರಲಿಲ್ಲ. ದಬ್ಬಣವನ್ನೂ ದಾರವನ್ನೂ ನನ್ನ ಕಡೆ ಚಾಚಿದರು.

"ಹಾರಿಸ್ ಇದ್ದಿದ್ದರೆ ಅವನೇ ಪೋಣಿಸಿಕೊಡ್ತಿದ್ದ" ಎಂದರು.