ಎಡತೋಳಿನ ಏಳು ಮನೆ

ಶುಕ್ರವಾರ ಸಂಜೆ ಐದರೊಳಗೆ ಹೇಮಂತ ಒಂದು ಹೆಸರು ಕಳಿಸಬೇಕಾಗಿತ್ತು.

ರಷ್ಯಾದ ಒಂದು ಸಣ್ಣ ಊರಿನಲ್ಲಿ, ಚಿತ್ರನಟ ಯೆಗೋರ್ ಲಸ್ಕಾರಿನ್ ಹುಟ್ಟಿದ ಮನೆಯನ್ನು ವಸ್ತುಸಂಗ್ರಹಾಲಯ ಮಾಡಿದ್ದರು. ಅದರ ಎರಡನೆಯ ಕೋಣೆಯ ಗೋಡೆಯ ಮೇಲೆ ನವಲಗುಂದದ ಒಂದು ಜಮಖಾನ ಇತ್ತು. ಅದರ ಕೆಳಗೆ ಹಚ್ಚುವ ಫಲಕ ಶನಿವಾರ ಅಚ್ಚಿಗೆ ಹೋಗುವುದಿತ್ತು. ಹೆಸರು ಸಿಗದಿದ್ದರೆ ‘ನೇಯ್ದವರು ಗೊತ್ತಿಲ್ಲ’ ಎಂದು ಹಾಕುವುದಾಗಿ ಅಲ್ಲಿಯ ಮೇಲ್ವಿಚಾರಕಿ ವೆರಾ ತಿಳಿಸಿದ್ದಳು.

ಹೇಮಂತ ನವಲಗುಂದದಿಂದ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಹಿಂದೊಮ್ಮೆ ಅವನು ಜಮಖಾನದ ಬಗ್ಗೆ ಬರೆದದ್ದು ಅಂತರ್ಜಾಲದಲ್ಲಿ ಉಳಿದಿತ್ತು. ವೆರಾ ಅದರಿಂದ ಅವನ ವಿಳಾಸ ಹುಡುಕಿ ಮೂರು ಪ್ರಶ್ನೆ ಕೇಳಿದ್ದಳು. ಇದನ್ನು ನೇಯ್ದವರು ಯಾರು? ಯಾವ ವರ್ಷ? ಜಮಖಾನದ ನಡುವೆ ನೇಯ್ದಿರುವ ಪಗಡೆ ಹಾಸಿನಲ್ಲಿ ಮೂರು ತೋಳುಗಳ ಸಾಲಿಗೆ ಎಂಟೆಂಟು ಮನೆ ಇವೆ, ಎಡತೋಳಿನ ಸಾಲಿಗೆ ಮಾತ್ರ ಏಳು. ಅದು ಬೇಕೆಂದೇ ಮಾಡಿದ್ದೋ?

ವರ್ಷ ಸೋಮವಾರವೇ ಸಿಕ್ಕಿತು. ಪತ್ರಿಕೆಯ ಹಳೆಯ ಸಂಪುಟದಲ್ಲಿ 1978ರ ಫೆಬ್ರುವರಿಯ ನಾಲ್ಕು ಸಾಲಿನ ಸುದ್ದಿ ಇತ್ತು. ಧಾರವಾಡದ ಸ್ನೇಹ ಸಂಘದವರು ಕರೆತಂದಿದ್ದ ಸೋವಿಯತ್ ಕಲಾವಿದರ ತಂಡಕ್ಕೆ ನವಲಗುಂದದಲ್ಲಿ ಸತ್ಕಾರ, ನಟ ಲಸ್ಕಾರಿನ್ ಅವರಿಗೆ ಊರಿನ ಪರವಾಗಿ ಜಮಖಾನ. ಅದರಲ್ಲಿ ನೇಯ್ದವರ ಹೆಸರಿರಲಿಲ್ಲ. ಕೊಟ್ಟ ಮನೆತನದ ಹೆಸರಿತ್ತು.

ಆ ಮನೆತನದಲ್ಲಿ ಈಗ ಮಗ್ಗದ ಮುಂದೆ ಕೂರುವವಳು ನಸೀಮಾಬಿ, ಎಪ್ಪತ್ತರ ಹತ್ತಿರದವಳು. ಹೇಮಂತ ಕೇಳಿದ್ದೇ ತಡ ಉತ್ತರ ಕೊಟ್ಟಳು. ಆಗ ಮನೆಯಲ್ಲಿ ನೇಯುತ್ತಿದ್ದವರು ಇಬ್ಬರೇ, ತಾನು ಮತ್ತು ತನ್ನ ಅತ್ತೆ ಖಾಸಿಂಬಿ. ತಾನು ಆ ಚಳಿಗಾಲದಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋಗಿದ್ದೆ ಎಂದಳು. ಹಾಗಾಗಿ ಅದು ಅತ್ತೆಯದೇ ಕೆಲಸ. ಏಳು ಮನೆಯ ಮಾತಿಗೆ ಅವಳು ನಕ್ಕುಬಿಟ್ಟಳು.

“ನಮ್ಮತ್ತಿ ಕೈಯಾಗ ಮನಿ ಕಮ್ಮಿ ಆಗೂದ? ಆ ರಷ್ಯಾದಾಕಿಗೆ ಎಣಸಾಕ ಬರೂದಿಲ್ಲ, ಬಿಡು.”

ವೆರಾ ಕಳಿಸಿದ್ದ ಒಂದೇ ಫೋಟೋದಲ್ಲಿ ಲಸ್ಕಾರಿನ್ ಜಮಖಾನದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ. ಎಡತೋಳು ಪೂರ್ತಿ ಅವನ ಬೆನ್ನ ಹಿಂದೆ ಮರೆಯಾಗಿತ್ತು. ಹೇಮಂತ ಇಡೀ ಜಮಖಾನದ ಫೋಟೋ ಬೇಕೆಂದು ಬರೆದ. ಅಷ್ಟರಲ್ಲಿ ಪತ್ರಿಕೆಯವರು ಬುಧವಾರದ ಪುಟಕ್ಕೆ ನಟನ ಬದುಕಿನ ಮೇಲೆ ಒಂದು ಲೇಖನ ಕೇಳಿದರು.

ಲೇಖನ ಬರೆಯುವುದೂ ಸಲೀಸಾಗಲಿಲ್ಲ. ಹುಟ್ಟಿದ ವರ್ಷ ಒಂದು ಕಡೆ 1931 ಎಂದಿದ್ದರೆ ಇನ್ನೊಂದು ಕಡೆ 1932 ಇತ್ತು. ಚಿತ್ರಗಳ ಸಂಖ್ಯೆ ಒಂದು ಕಡೆ ನಲವತ್ತೊಂದು, ಇನ್ನೊಂದು ಕಡೆ ನಲವತ್ತಮೂರು. ವೆರಾ ದಾಖಲೆ ನೋಡಿ ಹೇಳಿದ್ದನ್ನಷ್ಟೇ ಹೇಮಂತ ಇಟ್ಟುಕೊಂಡ. ಲಸ್ಕಾರಿನ್ 1931ರಲ್ಲಿ ಹುಟ್ಟಿದ. ತಂದೆ ರೈಲುಗಳ ಹಳಿ ಬದಲಿಸುವ ಕೆಲಸದವನು, ತಾಯಿ ಬ್ರೆಡ್ ಕಾರ್ಖಾನೆಯಲ್ಲಿದ್ದಳು. ಹದಿನಾರಕ್ಕೆ ಲೇತ್ ಯಂತ್ರದ ಮುಂದೆ ನಿಂತ ಹುಡುಗ ಕಾರ್ಖಾನೆಯ ನಾಟಕ ಮಂಡಳಿಯಲ್ಲಿ ಪಾರ್ಟು ಮಾಡತೊಡಗಿದ. ಮಾಸ್ಕೋದ ಸಿನಿಮಾ ಶಾಲೆ ಅವನ ದನಿ ಒರಟು ಎಂದು ಎರಡು ಸಲ ವಾಪಸು ಕಳಿಸಿತು. ಮೊದಲ ಚಿತ್ರದಲ್ಲಿ ಅವನು ಮಾಡಿದ್ದು ಒಂದು ಬಾಗಿಲನ್ನು ಬೆನ್ನ ಮೇಲೆ ಹೊತ್ತು ಬೀದಿ ದಾಟುವುದಷ್ಟೇ. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ದೋಣಿ ನಡೆಸುವವನ ಪಾತ್ರ ಸಿಕ್ಕಿತು. ಇಡೀ ಚಿತ್ರದಲ್ಲಿ ಹನ್ನೊಂದೇ ಮಾತು. ಆ ಹನ್ನೊಂದು ಮಾತು ಜನರ ಬಾಯಲ್ಲಿ ಉಳಿದವು. 1969ರಲ್ಲಿ ಒಂದು ಚಿತ್ರದ ಕೊನೆಯ ಸಂಭಾಷಣೆಯನ್ನು ತಿದ್ದಿ ಮತ್ತೆ ಹೇಳಬೇಕೆಂದಾಗ ಅವನು ಒಪ್ಪಲಿಲ್ಲ. ಎಂಟು ವರ್ಷ ಯಾರೂ ಅವನನ್ನು ಕ್ಯಾಮೆರಾದ ಮುಂದೆ ನಿಲ್ಲಿಸಲಿಲ್ಲ. ರೇಡಿಯೋದಲ್ಲಿ ಮಕ್ಕಳ ಕಥೆ ಓದಿ ದಿನ ಕಳೆದ. ಮರಳಿ ತೆರೆಗೆ ಬಂದ ಚಿತ್ರದೊಡನೆಯೇ ಅವನು ಭಾರತಕ್ಕೆ ಬಂದದ್ದು. ಆಮೇಲಿನದೆಲ್ಲ ದೊಡ್ಡ ಹೆಸರು, ಪದಕ, ಮುದುಕರ ಪಾತ್ರಗಳು. ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಕೊನೆಯ ಚಿತ್ರ, ಎಂಬತ್ತೆಂಟನೆಯ ವಯಸ್ಸಿನಲ್ಲಿ ಸಾವು.

ಒಂದು ಸಂಗತಿಯನ್ನು ಹೇಮಂತ ಲೇಖನದಿಂದ ತೆಗೆದುಹಾಕಿದ. ಒಂದು ಸಂದರ್ಶನದಲ್ಲಿ ಲಸ್ಕಾರಿನ್ ಹೇಳಿದ್ದ: “ಹೊಸ ಪಾತ್ರ ಹಿಡಿಯುವ ಮುಂಚೆ ನಾನು ಗೋಡೆಯ ಮೇಲಿನ ಆ ಸಾಲು ಎಣಿಸುತ್ತೇನೆ. ಏಳಕ್ಕೆ ನಿಂತುಬಿಡುತ್ತದೆ. ಎಂಟನೆಯದನ್ನು ನೋಡುವವರೇ ಹಾಕಿಕೊಳ್ಳಬೇಕು.” ಅಲ್ಲಿಯ ನಟನಾ ಶಾಲೆಗಳಲ್ಲಿ ಈಗಲೂ ಇದನ್ನು ಹೇಳಿಕೊಡುತ್ತಾರಂತೆ. ಆದರೆ ಏಳು ಮನೆಯನ್ನು ಹೇಮಂತ ಕಣ್ಣಾರೆ ಕಂಡಿರಲಿಲ್ಲ, ನಸೀಮಾಬಿ ಅಲ್ಲಗಳೆದಿದ್ದಳು. ಖಾತ್ರಿಯಾಗದ್ದನ್ನು ಅಚ್ಚಿಗೆ ಕಳಿಸುವ ಅಭ್ಯಾಸ ಅವನಿಗಿರಲಿಲ್ಲ. ಹೀಗಾಗಿ ಬುಧವಾರದ ಪತ್ರಿಕೆಯಲ್ಲಿ ನಟನ ಬದುಕು ಬಂತು, ಕುರ್ಚಿಯ ಫೋಟೋ ಬಂತು, ‘ಈ ಜಮಖಾನ ಖಾಸಿಂಬಿಯವರ ಕೈಕೆಲಸ ಎನ್ನಲಾಗಿದೆ’ ಎಂಬ ಸಾಲೂ ಬಂತು. ಮನೆಗಳ ಲೆಕ್ಕ ಬರಲಿಲ್ಲ.

ಮಧ್ಯಾಹ್ನ ಶಲವಡಿಯಿಂದ ಫೋನ್ ಬಂತು. ಹಿಂದೆ ಹಿಟ್ಟಿನ ಗಿರಣಿಯ ಸದ್ದು.

“ತಮ್ಮಾ, ಪೇಪರಿನ್ಯಾಗ ಆ ರಷ್ಯಾದವಂದು ಬರದಾಂವ ನೀನ ಏನು?”

“ಹೌದ್ರಿ.”

“ಅಂವ ಎಡಗಡೆ ತೋಳಿನ ಮುಂದ ಕುಂತಾನ. ಅಂವನ ಬೆನ್ನಿನ ಹಿಂದ ಏಳ ಮನಿ ಅದಾವ. ಎಂಟ ಇಲ್ಲ. ನೋಡಿ ಹೇಳು.”

ಕರೆ ಮಾಡಿದವಳು ಮಲಿಕಾಬಿ. ಖಾಸಿಂಬಿಯ ಮಗಳು, ನಸೀಮಾಬಿಯ ನಾದಿನಿ, ವಯಸ್ಸು ಅರವತ್ತನಾಲ್ಕು.

ಹೇಮಂತ ಬೈಕ್ ಹತ್ತಿ ಶಲವಡಿಗೆ ಹೋದ. ಗಿರಣಿಯ ಪಕ್ಕದ ಮನೆಯಲ್ಲಿ ಮಲಿಕಾಬಿ ಒಂದು ಕಡೆ ಕೂರಲಿಲ್ಲ. ಚಹಾಕ್ಕೆ ಇಟ್ಟಳು, ಜೋಳ ಹಸನು ಮಾಡಲು ತೆಗೆದು ಹಾಗೇ ಬಿಟ್ಟಳು, ಬಾಗಿಲಿಗೆ ಹೋಗಿ ಬಂದಳು. ಮಾತಾಡುವಾಗ ಬೆರಳುಗಳು ಸೀರೆಯ ಸೆರಗಿನ ಎಳೆ ಬಿಡಿಸುತ್ತಲೇ ಇದ್ದವು.

ಆ ಮನೆತನದಲ್ಲಿ ಒಂದು ಕಟ್ಟಳೆ ಇತ್ತು. ನೇಯುವುದನ್ನು ಸೊಸೆಯಂದಿರಿಗೆ ಕಲಿಸಬೇಕು, ಹೆಣ್ಣುಮಕ್ಕಳಿಗೆ ಕಲಿಸಬಾರದು. ಮಗಳು ಕಲಿತರೆ ಕಸುಬು ಅವಳ ಸಂಗಡ ಬೇರೆ ಮನೆಗೆ ಹೋಗುತ್ತದೆ. ಮಗ್ಗದ ಕೋಣೆಗೆ ಮಲಿಕಾಬಿಗೆ ಪ್ರವೇಶವೇ ಇರಲಿಲ್ಲ. ಆದರೆ ಅಡುಗೆಮನೆಗೂ ಆ ಕೋಣೆಗೂ ನಡುವಿನ ಗೋಡೆಯಲ್ಲಿ ಒಂದು ಬೆಳಕಿಂಡಿ ಇತ್ತು. ರೊಟ್ಟಿ ಬಡಿಯುತ್ತಲೇ ಐದು ವರ್ಷ ಅವಳು ಅದರಿಂದ ನೋಡಿದ್ದಳು.

1978ರ ಜನವರಿಯಲ್ಲಿ ಊರಿನ ಹಿರಿಯರು ಜಮಖಾನ ಕೊಡುವುದಾಗಿ ಒಪ್ಪಿಕೊಂಡರು. ಖಾಸಿಂಬಿ ಮಗ್ಗಕ್ಕೆ ಹಾಸಿನ ಉದ್ದನೆಯ ಎಳೆಗಳನ್ನು ಕಟ್ಟಿದ ಮರುದಿನ ಮೆಟ್ಟಿಲಿನಿಂದ ಬಿದ್ದಳು. ಬಲಭುಜ ಊದಿ ಕೈ ಎತ್ತದಂತಾಯಿತು. ಸೊಸೆ ತವರಿನಲ್ಲಿದ್ದಳು. ಮೂರು ದಿನ ಮಗ್ಗ ಹಾಗೇ ನಿಂತಿತು. ನಾಲ್ಕನೆಯ ದಿನ ಹದಿನೇಳರ ಮಲಿಕಾಬಿ ಒಳಗೆ ಹೋಗಿ ಕೂತಳು. ಎಳೆಗಳನ್ನು ಕೆಳಗೆ ಬಡಿದು ಕೂರಿಸುವ ಕಬ್ಬಿಣದ ಪಂಜದ ಸದ್ದು ಇಡೀ ಮನೆಗೆ ಕೇಳುವಂಥದು. ಪಕ್ಕದ ಕೋಣೆಯಲ್ಲಿ ಮಲಗಿದ್ದ ಖಾಸಿಂಬಿಗೂ ಕೇಳಿತು. ಅವಳು ಕೂಗಲಿಲ್ಲ.

ತಪ್ಪಾದದ್ದು ಎಡಗಡೆಯಲ್ಲಿ. ಅಂಚಿಗೆ ಎಷ್ಟು ಎಳೆ ಮೀಸಲಿಡಬೇಕು ಎನ್ನುವುದು ಮಗ್ಗದ ಎಡಬದಿಯ ಕೊನೆಯಲ್ಲಿ ತಿಳಿಯುತ್ತದೆ. ಬೆಳಕಿಂಡಿಯಿಂದ ನೋಡುವವರಿಗೆ ಆ ಕೊನೆ ಮಗ್ಗದ ಕಂಬದ ಹಿಂದೆ ಹೋಗುತ್ತಿತ್ತು. ಐದು ವರ್ಷ ನೋಡಿದ ಹುಡುಗಿ ಅದೊಂದನ್ನು ಕಂಡಿರಲಿಲ್ಲ. ಬಲಗಡೆಯಿಂದ ಲೆಕ್ಕ ಹಿಡಿದು ಬಂದಳು. ಎಡತೋಳಿಗೆ ಬರುವಷ್ಟರಲ್ಲಿ ಎಳೆ ಸಾಲಲಿಲ್ಲ. ಏಳೇ ಮನೆ ಕೂತವು.

ಮುಗಿದ ಜಮಖಾನವನ್ನು ಖಾಸಿಂಬಿ ಹಾಸಿಗೆಯ ಮೇಲೆ ತರಿಸಿಕೊಂಡು ಎಡಗೈಯಿಂದ ಸವರಿದಳು. ಎಡತೋಳಿನ ಮೇಲೆ ಬೆರಳು ನಿಂತವು. ಆ ಬದಿ ಒಳಗಾಗುವಂತೆ ಮಡಚಿ ಕೊಡಿ ಎಂದು ಗಂಡನಿಗೆ ಹೇಳಿದಳು. ಮುಂದಿನ ವಾರ ಬೆಳಕಿಂಡಿಗೆ ಮಣ್ಣು ಮೆತ್ತಿಸಿದಳು. ಎರಡು ತಿಂಗಳಲ್ಲಿ ಮಲಿಕಾಬಿಯನ್ನು ಶಲವಡಿಗೆ ಕೊಟ್ಟರು. ಅವಳು ಮತ್ತೆ ಮಗ್ಗ ಮುಟ್ಟಲಿಲ್ಲ.

“ನನ್ನ ಹೆಸರಿಲೆ ಇರೂದು ಅದೊಂದ,” ಎಂದಳು. “ಅದೂ ನನ್ನ ಹೆಸರಿಲೆ ಇಲ್ಲ.”

ಫಲಕದ ಮೇಲೆ ತನ್ನ ಹೆಸರು ಬೇಕು. ಆದರೆ ಭಾಬಿ ನಸೀಮಾಬಿಯ ಬೆನ್ನ ಹಿಂದೆ ಬೇಡ. ಶುಕ್ರವಾರ ತಾನೇ ನವಲಗುಂದಕ್ಕೆ ಬಂದು ಹೇಳುತ್ತೇನೆ, ಅಲ್ಲಿಯವರೆಗೆ ಬರೆಯಬಾರದು ಎಂದಳು. ಹೇಮಂತ ಒಪ್ಪಿದ. ಬೈಕಿನ ಮೇಲೆ ಮರಳುವಾಗ ಒಪ್ಪಬಾರದಿತ್ತೇನೋ ಅನ್ನಿಸಿತು. ಒಬ್ಬಳು ಹೇಳಿದ್ದು ಸುದ್ದಿಯಾಗುವುದಿಲ್ಲ, ಎರಡನೆಯವಳು ಒಪ್ಪಲಿಕ್ಕಿಲ್ಲ. ಗುರುವಾರ ಇಡೀ ಫೋಟೋ ಬಂತು. ಅವನು ಮೂರು ಸಲ ಎಣಿಸಿದ. ಎಡತೋಳಿನಲ್ಲಿ ಏಳು.

ಶುಕ್ರವಾರ ಮಲಿಕಾಬಿ ಎರಡೂವರೆಯ ಬಸ್ಸಿಗೆ ಇಳಿದಳು. ನಸೀಮಾಬಿ ಮಗ್ಗದ ಮುಂದಿದ್ದಳು. ನಾದಿನಿಯನ್ನು ನೋಡಿ ಕೈ ನಿಲ್ಲಿಸಿದಳು, ಎದ್ದೇಳಲಿಲ್ಲ. ಮೊದಲು ಉರ್ದುವಿನಲ್ಲಿ ಮಾತು ನಡೆಯಿತು; ಹೇಮಂತನಿಗೂ ತಿಳಿಯಲಿ ಎಂದು ಮಲಿಕಾಬಿ ಕನ್ನಡಕ್ಕೆ ಹೊರಳಿ, ಶಲವಡಿಯಲ್ಲಿ ಹೇಳಿದ್ದನ್ನೆಲ್ಲ ನಿಂತುಕೊಂಡೇ ಮತ್ತೊಮ್ಮೆ ಹೇಳಿದಳು.

“ನಲವತ್ತೇಳ ವರ್ಷ ಸುಮ್ಮನಿದ್ದಾಕಿ ಇವತ್ತ ಯಾಕ ಬಂದಿ?” ನಸೀಮಾಬಿ ಕೇಳಿದಳು.

“ಅದು ಐತಿ ಅಂತ ಗೊತ್ತಿದ್ದಿಲ್ಲ ಭಾಬಿ. ಯಾರದೋ ಮನ್ಯಾಗ ಹರದ ಹೋಗಿರಬೇಕು ಅಂದ್ಕೊಂಡಿದ್ದೆ.”

ನಸೀಮಾಬಿ ಹೇಮಂತನ ಕಡೆ ತಿರುಗಿ, ಪತ್ರಿಕೆಯಲ್ಲಿ ಬಂದ ಹೆಸರನ್ನೇ ಕಳಿಸು ಎಂದಳು. ಮನೆಯ ಮಾತು ಮನೆಯಲ್ಲಿರಲಿ.

“ಕಳಸ್ಲಿ,” ಎಂದಳು ಮಲಿಕಾಬಿ. “ಆ ಏಳ ಮನಿನೂ ಅಮ್ಮಾನ ಹೆಸರಿಗೆ ಹೋಗ್ತಾವ. ಅಲ್ಲಿಯವರು ದಿನಾ ನಿಂತು ಎಣಸ್ತಾರ.”

ನಸೀಮಾಬಿ ಕೈ ಚಾಚಿದಳು. ಹೇಮಂತ ಫೋನ್ ಕೊಟ್ಟ. ಅವಳು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ ತುಟಿಯಲ್ಲೇ ಎಣಿಸಿದಳು. ಅಂಚು ನೋಡಿದಳು. ಮತ್ತೆ ಎಣಿಸಿದಳು. ಗೋಡೆಯ ಗಡಿಯಾರದಲ್ಲಿ ಮೂರೂ ಇಪ್ಪತ್ತಾಗಿತ್ತು. ಅವಳು ಎದ್ದು ಅಡುಗೆಮನೆಗೆ ಹೋದಳು. ಒಲೆಯ ಮೇಲಿನ ಗೋಡೆಯಲ್ಲಿ ಒಂದು ಚೌಕ ಉಳಿದ ಗೋಡೆಗಿಂತ ತುಸು ಉಬ್ಬಿತ್ತು. ಎಷ್ಟು ಸಲ ಸುಣ್ಣ ಹೊಡೆದರೂ ಅದು ಕಾಣುತ್ತಿತ್ತು. ತವರಿನಿಂದ ಕೂಸು ಎತ್ತಿಕೊಂಡು ಮರಳಿದಾಗ ಬೆಳಕಿಂಡಿ ಮುಚ್ಚಿದ್ದನ್ನು ಅವಳು ನೋಡಿದ್ದಳು. ಹೊಗೆ ಬರುತ್ತದೆಂದು ಮುಚ್ಚಿಸಿದೆ ಎಂದು ಅತ್ತೆ ಹೇಳಿದ್ದಳು. ನಸೀಮಾಬಿ ಆ ಚೌಕದ ನೇರಕ್ಕೆ ಮಗ್ಗದ ಎಡಗಡೆಯ ಕಂಬ ಅಡ್ಡ ಬರುತ್ತದೆಯೇ ಎಂದು ಬಾಗಿಲಿನಿಂದ ಅಳೆದು ನೋಡಿ, ಮರಳಿ ಬಂದು ಕೂತಳು.

“ನನ್ನ ಮಗಳು ಹನ್ನೆರಡ ವರ್ಷದಾಕಿ ಇದ್ದಾಗ ಈ ಮಗ್ಗದ ಮುಂದ ಕುಂತಿದ್ಲು,” ಎಂದಳು. “ಕೈ ಮ್ಯಾಲೆ ಬಾಸುಂಡಿ ಬರೂ ಹಂಗ ಹೊಡದೆ. ಅತ್ತಿ ಬಾಜೂಕ ನಿಂತು, ಸರಿ ಮಾಡಿದಿ ಅಂದ್ಲು. ಈಗ ಬಂದು, ಅತ್ತಿ ತನ್ನ ಮಗಳ ಕೈಲೆ ನೇಸ್ಯಾಳ ಅಂತ ಹೇಳ್ತಿ.”

“ನೇಸಿಲ್ಲ,” ಎಂದಳು ಮಲಿಕಾಬಿ. “ಬ್ಯಾಡ ಅಂದಿಲ್ಲ, ಅಷ್ಟ.”

ಹೇಮಂತ ಎರಡು ಸಲ ಗಡಿಯಾರ ನೋಡಿದ. ಮಲಿಕಾಬಿ ಬಾಗಿಲವರೆಗೆ ಹೋಗಿ ಬಂದಳು. ನಸೀಮಾಬಿ ಪಂಜವನ್ನು ಕೈಯಿಂದ ಕೈಗೆ ಬದಲಿಸುತ್ತಿದ್ದಳು.

“ನಮ್ಮತ್ತಿ ಅಂಚು ತಪ್ಪಿದಾಕಿ ಅಲ್ಲ,” ಎಂದಳು ಕೊನೆಗೆ. “ನಲವತ್ತ ವರ್ಷದಾಗ ಒಂದ ಎಳಿ ತಪ್ಪಿಲ್ಲ. ಆಕಿ ಹೆಸರಿಗೆ ಇದನ್ನ ಹಾಕಬ್ಯಾಡ. ಈಕಿದು ಹಾಕು.”

ಹೇಮಂತ ಅಲ್ಲಿಯೇ ಕೂತು ಟೈಪ್ ಮಾಡಿದ: ನೇಯ್ದವರು ಮಲಿಕಾಬಿ, ಖಾಸಿಂಬಿಯ ಮಗಳು, ನವಲಗುಂದ, 1978ರ ಜನವರಿ–ಫೆಬ್ರುವರಿ. ಮೂರನೆಯ ಪ್ರಶ್ನೆ ಉಳಿದಿತ್ತು. ಅವನು ಲಸ್ಕಾರಿನ್ನನ ಸಂದರ್ಶನದ ಮಾತನ್ನು ಅವರಿಗೆ ಕನ್ನಡದಲ್ಲಿ ಹೇಳಿದ. ಆ ಏಳು ಮನೆಯಲ್ಲಿ ಅಲ್ಲಿಯವರು ದೊಡ್ಡ ಅರ್ಥ ಕಂಡಿದ್ದಾರೆ, ಬೇಕೆಂದೇ ನೇಯ್ದದ್ದು ಎಂಬ ಉತ್ತರ ಬಂದರೆ ಅವರಿಗೆ ಸಂತೋಷವಾಗುತ್ತದೆ ಎಂದೂ ಹೇಳಿದ. ಇದ್ದ ಸಂಗತಿ ಅದಾಗಿತ್ತು. ಆದರೂ ಹೇಳುವಾಗ ಅವನ ದನಿ ತುಸು ಇಳಿದಿತ್ತು.

ಮಲಿಕಾಬಿ ಎಲ್ಲ ಕೇಳಿದಳು. ಅಷ್ಟು ವರ್ಷ ಅವನು ಅದನ್ನು ಎಣಿಸುತ್ತಿದ್ದನೇ ಎಂದು ವಿಚಾರಿಸಿದಳು. ಹೌದೆಂದ ಮೇಲೆ ಸೆರಗಿನ ಎಳೆ ಬಿಟ್ಟಳು.

“ಪಾಪ, ಚಂದ ಹೇಳ್ಯಾನ. ಆದರ ತಪ್ಪಾಗಿತ್ತು. ತಪ್ಪಾಗಿತ್ತು ಅಂತ ಬರಿ.”

ನಾಲ್ಕೂ ಹತ್ತಕ್ಕೆ ಇ-ಮೇಲ್ ಹೋಯಿತು. ಹೇಮಂತ ಏಳುವಷ್ಟರಲ್ಲಿ ನಸೀಮಾಬಿ ಮಣೆಯ ಮೇಲೆ ಒಂದು ಬದಿಗೆ ಸರಿದು, ಖಾಲಿಯಾದ ಜಾಗವನ್ನು ಅಂಗೈಯಿಂದ ತಟ್ಟಿದಳು. ಮಲಿಕಾಬಿ ಬಂದು ಕೂತಳು. ನಸೀಮಾಬಿ ಅವಳ ಕೈ ಹಿಡಿದು ಮಗ್ಗದ ಎಡತುದಿಗೆ, ಕಂಬದ ಪಕ್ಕಕ್ಕೆ ಒಯ್ದು, ಎಳೆಗಳ ಮೇಲೆ ಬೆರಳು ಊರಿಸಿ, ಅಂಚಿಗೆ ಬಿಡಬೇಕಾದ ಸಂಖ್ಯೆ ಹೇಳಿದಳು. ಅದು ಹೇಮಂತನಿಗೂ ಕೇಳಿಸಿತು. ಅವನು ಬರೆದುಕೊಳ್ಳಲಿಲ್ಲ.

“ಇಷ್ಟ ಏನು?” ಎಂದಳು ಮಲಿಕಾಬಿ.

“ಇಷ್ಟ.”

ಐದು ಗಂಟೆಯ ಬಸ್ಸಿಗೆ ಮಲಿಕಾಬಿಯನ್ನು ಹತ್ತಿಸಿದ ಹೇಮಂತ, ತಾನು ಮರೆತಿದ್ದ ಚೀಲಕ್ಕೆಂದು ಮರಳಿದಾಗ, ನಸೀಮಾಬಿ ಮಗ್ಗಕ್ಕೆ ಬೆನ್ನು ಮಾಡಿ ಕೂತಿದ್ದಳು. ಕೈಯಲ್ಲಿ ಫೋನಿತ್ತು. ಗದಗಿಗೆ ಕೊಟ್ಟ ಆ ಮಗಳಿಗೆ ಹಚ್ಚಿದ್ದಳು. ಗಂಟೆ ಹೊಡೆದು ಹೊಡೆದು ನಿಂತಿತು. ಆ ಕಡೆ ಯಾರೂ ಎತ್ತಲಿಲ್ಲ. ಅವಳು ಮತ್ತೆ ಹಚ್ಚಿದಳು.