ಮೀಟರ್ ರಂಗಣ್ಣನ ಗಾಡಿ ನಿಂತದ್ದು

ಮಂಚಯ್ಯ ಹಾರ ಹಿಡಿದುಕೊಂಡು ಅಂಗಳಕ್ಕೆ ಕಾಲಿಟ್ಟಿದ್ದನಷ್ಟೇ, ಕುಮಾರ ಬಂದು ಅವನ ಕೊರಳಪಟ್ಟಿಗೆ ಕೈ ಹಾಕಿದ. ಹಾರ ಕೆಳಗೆ ಬಿತ್ತು. ಬಿಡಿಸಲು ಯಾರೂ ಬರಲಿಲ್ಲ.

"ಡೂಪ್ಲಿಕೇಟ್ ಮಾಲ್ ಆಕಿ ನಮ್ಮಪ್ಪನ್ನ ತಿಂದ್ಕಂಡಲ್ಲೋ. ಈಗ ಹಾರ ತಂದಿದ್ದೀಯಾ?"

ಕುಮಾರನ ಅಪ್ಪ ಮೀಟರ್ ರಂಗಸ್ವಾಮಿ ಜಗಲಿಯ ಮೇಲೆ ಹೆಣವಾಗಿ ಮಲಗಿದ್ದ. ಕರೆಂಟಿನ ಮೀಟರು ಓದಿಕೊಂಡು ಇಪ್ಪತ್ತೆಂಟು ವರ್ಷ ಕೊಣನೂರಿನ ಸುತ್ತ ಊರೂರು ತಿರುಗಿದವನು. ಓದಿದ ಮೀಟರಿಗಿಂತ ಕುಡಿದ ಮಜ್ಜಿಗೆಯೇ ಹೆಚ್ಚು. ಯಾರ ಮನೆಯ ಎಮ್ಮೆ ಗಬ್ಬ, ಯಾವ ಮನೆಯಲ್ಲಿ ಅತ್ತೆ ಸೊಸೆ ಮಾತು ಬಿಟ್ಟಿದ್ದಾರೆ, ಎಲ್ಲ ಗೊತ್ತಿತ್ತು. ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಹೊತ್ತವನಲ್ಲ. ಅದೊಂದು ಗುಣಕ್ಕೇ ಇವತ್ತು ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ.

ನಿನ್ನೆ ಬೆಳಿಗ್ಗೆ ರೊಟ್ಟಿ ಮುರಿಯುತ್ತಾ ಎದೆ ಹಿಡಿದುಕೊಂಡ. ಊರಿಗೆ ಬಸ್ಸು ಬರುವುದು ಹತ್ತು ಗಂಟೆಗೆ. ಕುಮಾರ ಅಪ್ಪನ ಬೈಕನ್ನೇ ತೆಗೆದು, ಅವನನ್ನು ನಡುವೆ ಕೂರಿಸಿ, ಹಿಡಿದುಕೊಳ್ಳಲು ಪಕ್ಕದ ಮನೆಯ ಚಲುವಯ್ಯನನ್ನು ಹಿಂದೆ ಹತ್ತಿಸಿಕೊಂಡು ಹೊರಟ. ಕೊಣನೂರಿನ ಡಾಕ್ಟರ ಶಾಪು ಇನ್ನೂ ಬಾಗಿಲು ತೆರೆದಿರಲಿಲ್ಲ. ಅರಕಲಗೂಡಿನ ಕಡೆಗೆ ತಿರುಗಿಸಿದ. ಏರು ಸಿಕ್ಕಿದ ಕಡೆ ಗಾಡಿ ಕಪ್ಪು ಹೊಗೆ ಕಾರಿ ನಿಂತೇಬಿಟ್ಟಿತು. ಕುಮಾರ ಕಿಕ್ಕರು ಒದ್ದ, ಒದ್ದ, ಅಳುತ್ತಲೇ ಒದ್ದ. ಚಲುವಯ್ಯ ರಂಗಸ್ವಾಮಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ರಸ್ತೆಬದಿಯಲ್ಲಿ ಕೂತ. ಅರ್ಧ ಗಂಟೆಗೆ ಒಂದು ಟೆಂಪೋ ಬಂತು. ಅದರಲ್ಲಿ ಹೆಣವೂ ಗಾಡಿಯೂ ಒಟ್ಟಿಗೇ ಊರಿಗೆ ವಾಪಸಾದವು.

ನೆಂಟರು ನಿನ್ನೆಯಿಂದ ಕುಮಾರನನ್ನೇ ಅನ್ನುತ್ತಿದ್ದರು. ಒಂದು ಗಾಡಿ ಓಡಿಸಲು ಬಾರದ ಮಗ ಎಂದು. ಅವನಿಗೂ ತಪ್ಪು ಹೊರಿಸಲು ಒಬ್ಬ ಬೇಕಿತ್ತು. ಇಂಜಿನ್ನಿಗೆ ಹೋಗುವ ಗಾಳಿಯ ದೂಳು ತಡೆಯುವ ಏರ್ ಫಿಲ್ಟರು ಗಾಡಿಗೆ ಹೊಸದಾಗಿ ಬಿದ್ದು ಎಂಟು ದಿನವಾಗಿರಲಿಲ್ಲ. ಹಾಕಿದವನು ಕೊಣನೂರಿನ ಮೆಕಾನಿಕ್ ಮಂಚಯ್ಯ.

*

ರಸ್ತೆಗೆ ಜಲ್ಲಿ ಸುರಿದು, ಟಾರು ಹಾಕದೆ ಬಿಟ್ಟು ಮೂರು ತಿಂಗಳಾಗಿತ್ತು. ದೂಳು ಕುಡಿದು ಕುಡಿದು ಗಾಡಿ ಏರಿನಲ್ಲಿ ಏದುತ್ತಿತ್ತು. ರಂಗಸ್ವಾಮಿ ಫಿಲ್ಟರು ಬದಲಿಸಲು ಅಂಗಡಿಗೆ ಬಂದ ದಿನ ಮಂಚಯ್ಯ ಬೆಂಚಿನ ಮೇಲೆ ಮೂರು ಫಿಲ್ಟರು ಇಟ್ಟ. ಒಂದು ಹಾಸಿಗೆಯ ಸ್ಪಂಜು ಕತ್ತರಿಸಿ ಮಾಡಿದ್ದು. ಇನ್ನೊಂದು ಹೆಸರಿಲ್ಲದ ಡಬ್ಬಿಯದು, ಬೆಳಕಿಗೆ ಹಿಡಿದರೆ ಕಾಗದದಲ್ಲಿ ತೂತು ಕಾಣುತ್ತಿತ್ತು. ಮೂರನೆಯದು ಕಂಪನಿಯದು. ಮಡಿಕೆ ಒತ್ತೊತ್ತಾಗಿ, ಅಂಚಿನ ರಬ್ಬರು ಮೆತ್ತಗೆ.

ರಂಗಸ್ವಾಮಿಯ ಕೈ ಸ್ಪಂಜಿಗೇ ಹೋಯಿತು. ಈ ಗಾಡಿ ಹೊಸದು, ಹಳೇ ಗಾಡಿಯಲ್ಲಿ ಇಪ್ಪತ್ತು ವರ್ಷ ಅದೇ ಇದ್ದದ್ದು. ಮಂಚಯ್ಯ ಅದನ್ನು ಕಿತ್ತು ಬದಿಗೆಸೆದು ಕಂಪನಿಯದನ್ನು ಕೈಗಿಟ್ಟ.

"ಇದ ತೊಳೆಯಂಗಿಲ್ಲ ರಂಗಣ್ಣ. ಕುಟ್ಟಿ ದೂಳು ಉದುರ್ಸು, ಅಷ್ಟೆಯ. ಎಣ್ಣೆ ಸೋಕ್ತು ಅಂದ್ರೆ ಗಾಡಿ ನಿಂತೋಯ್ತದೆ."

"ತೊಳೆಯಂಗಿಲ್ವಾ? ಅಂಗಾರೆ ನಮ್ಮನೇವ್ಳಿಗೆ ಏನ್ಲಾ ಕೆಲ್ಸ?" ಎಂದು ರಂಗಸ್ವಾಮಿ ನಕ್ಕ. "ಯೋಳ್ತೀನಿ ಬುಡು ಅವ್ಳಿಗೆ."

*

ಮಂಚಯ್ಯ ಕುಮಾರನ ಕೈ ಕೊಡವಿಕೊಂಡ. ಮೂವತ್ತು ವರ್ಷದ ಕಸುಬಿನಲ್ಲಿ ಅವನನ್ನು ಕಳ್ಳ ಎಂದವರಿರಲಿಲ್ಲ. ಗಾಡಿ ಹುಲ್ಲಿನ ಮೆದೆಗೆ ಒರಗಿ ನಿಂತಿತ್ತು. ಎಲ್ಲರಿಗೂ ಕೇಳುವ ಹಾಗೆ ಹೇಳಿದ.

"ಆಕಿರೋದು ಕಾಗದದ್ದು. ನೀರು, ಎಣ್ಣೆ ಸೋಕ್ದಿದ್ರೆ ನಿಲ್ಲೋ ಮಾತೇ ಇಲ್ಲ. ಬಿಚ್ತೀನಿ, ನೋಡಿ. ಡೂಪ್ಲಿಕೇಟ್ ಆಗಿದ್ರೆ ರಂಗಣ್ಣನ ಗುಣೀಗೆ ನನ್ನೂ ಆಕಿ ಮುಚ್ಬುಡಿ."

ಜನರಿಗೆ ಬೆನ್ನು ಹಾಕಿ ಕುಕ್ಕರುಗಾಲಲ್ಲಿ ಕೂತು ಗಾಡಿಯ ಪಕ್ಕದ ಫಿಲ್ಟರು ಡಬ್ಬಿಯ ಮುಚ್ಚಳ ತೆಗೆದ. ಫಿಲ್ಟರು ಒದ್ದೆಯಾಗಿ ಕಂದಿತ್ತು. ಮಡಿಕೆಗಳು ಒಂದಕ್ಕೊಂದು ಅಂಟಿಹೋಗಿದ್ದವು. ಕಂಪನಿಯ ಹೆಸರು ಅಂಚಿನಲ್ಲಿ ಹಾಗೇ ಇತ್ತು. ಗೆದ್ದೆ ಅನ್ನಿಸಿತು. ಯಾವನು ಎಣ್ಣೆ ಸುರಿದವನು ಎಂದು ಕೂಗಲು ಬಾಯಿ ತೆರೆದವನು, ಕಸುಬಿನ ಅಭ್ಯಾಸಕ್ಕೆ ಮೊದಲು ಮೂಸಿ ನೋಡಿದ.

ಇಂಜಿನ್ ಆಯಿಲ್ ಅಲ್ಲ. ಹರಳೆಣ್ಣೆ. ಮನೆಯಲ್ಲಿ ಬೀಜ ಹುರಿದು, ಕುಟ್ಟಿ, ಕಾಯಿಸಿ ತೆಗೆದ ಹರಳೆಣ್ಣೆ.

*

ಹಳೇ ಗಾಡಿಯ ಕಾಲದಲ್ಲಿ ಒಂದು ಭಾನುವಾರ ಮಂಚಯ್ಯ ಈ ಮನೆಗೆ ಬಂದಿದ್ದ. ಹಿತ್ತಲಲ್ಲಿ ರಂಗಸ್ವಾಮಿಯ ಹೆಂಡತಿ ದೊಡ್ಡತಾಯಮ್ಮ ಸ್ಪಂಜಿನ ಫಿಲ್ಟರನ್ನು ಸೀಗೆಪುಡಿ ಹಾಕಿ ತೊಳೆದು, ಮಕ್ಕಳ ಬಟ್ಟೆಯ ಪಕ್ಕ ಒಣಹಾಕಿದ್ದಳು. ಒಣಗಿದ ಮೇಲೆ ಅಂಗೈಗೆ ಹರಳೆಣ್ಣೆ ಸುರಿದುಕೊಂಡು, ಕೂಸಿನ ನೆತ್ತಿಗೆ ತಟ್ಟಿದ ಹಾಗೆ ತಟ್ಟಿ ತಟ್ಟಿ ಇಳಿಸಿದಳು. ದೂಳು ಎಣ್ಣೆಗೆ ಅಂಟಿಕೊಳ್ಳಲಿ, ಗಂಡನ ಗಾಡಿಯೊಳಗೆ ಹೋಗದಿರಲಿ ಎಂದು. ಗಂಡನ ತಿರುಗಾಟದಲ್ಲಿ ಅವಳಿಗಿದ್ದ ಪಾಲು ಅದೊಂದೇ. ಕಂಪನಿಯವರಿಗೂ ಇಂಥ ಕೈ ಇಲ್ಲ ಕಣ್ಲಾ ಎಂದು ರಂಗಸ್ವಾಮಿ ಹೆಂಡತಿ ಎದುರಿಗೇ ಹೊಗಳಿದ್ದ.

*

"ಕೊಡಿಲ್ಲಿ, ನೋಡ್ತೀನಿ," ಎಂದು ಕುಮಾರ ಹಿಂದಿನಿಂದ ಕೈ ಚಾಚಿದ.

ನೋಡುವುದು ಬೇಕಿರಲಿಲ್ಲ, ಒಂದು ಸಲ ಮೂಸಿದರೆ ಸಾಕಿತ್ತು. ಆ ಎಣ್ಣೆ ತಲೆಗೆ ಇಳಿಸಿಕೊಂಡೇ ಬೆಳೆದ ಮಗ ಅವನು. ಮಂಚಯ್ಯ ಜಗಲಿಯ ಕಡೆ ನೋಡಿದ. ದೊಡ್ಡತಾಯಮ್ಮ ಗಂಡನ ತಲೆಯ ಬಳಿ ನೆಲ ನೋಡುತ್ತಾ ಕೂತಿದ್ದಳು. ಹಾಗಾದರೆ ತೊಳೆಯಬಾರದು, ಎಣ್ಣೆ ಹಚ್ಚಬಾರದು ಎಂದು ರಂಗಸ್ವಾಮಿ ಅವಳಿಗೆ ಹೇಳಿರಲಿಲ್ಲ. ಮರೆತನೋ, ಆ ಕೆಲಸವನ್ನು ಅವಳ ಕೈಯಿಂದ ಕಸಿಯಲು ಮನಸ್ಸು ಬರಲಿಲ್ಲವೋ, ಇನ್ನು ಕೇಳುವುದು ಯಾರನ್ನು.

ಮನೆ ಮುಂದೆ ಕೊರಡಿನ ಬೆಂಕಿ ಉರಿಯುತ್ತಿತ್ತು. ಮಂಚಯ್ಯ ಎದ್ದವನೇ ಎರಡು ದಾಪುಗಾಲಿಗೆ ಅಲ್ಲಿಗೆ ಹೋಗಿ ಫಿಲ್ಟರನ್ನು ಅದರೊಳಗೆ ಎಸೆದ.

"ಡೂಪ್ಲಿಕೇಟೇ ಕಣಪ್ಪ," ಅಂದ. "ನಂದೇ ತಪ್ಪು."

ಮೊದಲನೆಯ ಏಟು ಕುಮಾರನದು. ಆಮೇಲಿನವು ಯಾರವೋ. ಚಲುವಯ್ಯ ನಡುವೆ ಬಂದು ಅವನನ್ನು ಬೇಲಿಯ ತನಕ ಎಳೆದುಕೊಂಡು ಹೋದ. ಕಾಪಾಡಲಿಕ್ಕೇನಲ್ಲ.

"ಮಣ್ಣಿಗೆ ಬರಬ್ಯಾಡ ನೀನು. ಈ ಸೀಮೆ ಗಾಡಿ ಒಂದೂ ಇನ್ಮೇಲೆ ನಿನ್ನ ಅಂಗ್ಡಿ ತಾವ ನಿಲ್ಲಕ್ಕಿಲ್ಲ."

ಮಂಚಯ್ಯ ತುಟಿಯ ರಕ್ತ ಒರೆಸಿಕೊಂಡು ತಲೆಯಾಡಿಸಿದ. ಸುಟ್ಟುಹೋಯಿತಲ್ಲ, ಅಷ್ಟು ಸಾಕು ಅಂದುಕೊಂಡ.

ಬರೀ ಕಾಗದವಾಗಿದ್ದರೆ ಭುಗ್ಗನೆ ಉರಿದು ಬೂದಿಯಾಗುತ್ತಿತ್ತು. ಅದು ಎಣ್ಣೆ ಕುಡಿದ ಬತ್ತಿಯಂತೆ ಒಂದೊಂದೇ ಮಡಿಕೆ ಹಿಡಿದು ನಿಧಾನಕ್ಕೆ ಉರಿಯತೊಡಗಿತು. ಗಾಳಿ ಮನೆಯ ಕಡೆಗಿತ್ತು.

ಅರಿಸಿನ ಕುಂಕುಮ, ಒಂದು ಡಜನ್ ಹಸಿರು ಬಳೆ ಹಿಡಿದು ಹೆಂಗಸರಿಬ್ಬರು ಒಳಗಿನಿಂದ ಬಂದರು. ಹೆಣ ಎತ್ತುವ ಮುಂಚೆ ಕೊನೆಯದಾಗಿ ತೊಡಿಸುವ ಬಳೆ. ದೊಡ್ಡತಾಯಮ್ಮ ತಲೆ ಎತ್ತಿ ಗಾಳಿಯನ್ನು ಮೂಸಿದಳು. ಬೆಂಕಿ ನೋಡಿದಳು. ಬೇಲಿಯ ಹತ್ತಿರ ನಿಂತ ಮಂಚಯ್ಯನನ್ನು ಬಹಳ ಹೊತ್ತು ನೋಡಿದಳು.

"ಕೈ ನೀಡವ್ವ," ಎಂದಳು ಒಬ್ಬ ಹೆಂಗಸು.

ದೊಡ್ಡತಾಯಮ್ಮ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು ಕಂಕುಳಲ್ಲಿ ಅವುಚಿಕೊಂಡಳು. ಹೆಂಗಸರು ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಎಳೆದರು. ಕೈ ಬರಲಿಲ್ಲ.