ಹಸಿ ಕಡ್ಡಿ

"ಹಿಡ್ಕಳೇ ಮುಂಡೆ, ಕಡ್ಡಿ ಹಿಡ್ಕೊ! ಒಂದ್ ಮನೆ ಹುಳ ಸಾಯಿಸ್ದೋಳ್ಗೆ ಒಂದ್ ಕಡ್ಡಿ ಮುರಿಯಕ್ಕೆ ನಾಚ್ಕೆಯಾ?"

ಅರಳಿಕಟ್ಟೆಯ ಮೇಲೆ ಕೂತಿದ್ದ ಊರ ಯಜಮಾನ ಬೈರಪ್ಪ ಹೀಗೆ ಕೂಗಿದಾಗ ನನ್ನವ್ವ ಬೀರಮ್ಮ ಕಟ್ಟೆಯ ಕೆಳಗೆ ನಿಂತಿದ್ದಳು. ಅವಳ ಸೊಂಟದ ಮೇಲೆ ನನ್ನ ತಮ್ಮ ಅಪ್ಪಾಜಿ. ಮೂರು ವರ್ಷದವನು, ಅವ್ವನ ಸೆರಗಿನ ತುದಿಯನ್ನು ಬಾಯಿಗಿಟ್ಟುಕೊಂಡು ಚೀಪುತ್ತಿದ್ದ. ಎದುರಿಗೆ ನನ್ನಪ್ಪ ಪುಟ್ಟಲಿಂಗಯ್ಯ, ತನ್ನ ಕಾಲಿನ ಹೆಬ್ಬೆರಳನ್ನು ಅದೇ ಮೊದಲ ಸಲ ಕಂಡವನಂತೆ ನೋಡುತ್ತ ನಿಂತಿದ್ದ. ಎಂಬತ್ತಮೂರನೇ ಇಸವಿ. ನನಗೆ ಹನ್ನೊಂದು.

ನಮ್ಮೂರಲ್ಲಿ ಗಂಡಹೆಂಡಿರನ್ನು ಬೇರೆ ಮಾಡಲು ಕೋರ್ಟು ಬೇಕಿರಲಿಲ್ಲ, ಒಂದು ಕಡ್ಡಿ ಸಾಕಿತ್ತು. ಆ ತುದಿ ಗಂಡ, ಈ ತುದಿ ಹೆಂಡತಿ ಹಿಡಿದು ಪಂಚರ ಮುಂದೆ ಮುರಿಯಬೇಕು. ಅವರವರ ತುಂಡನ್ನು ಅವರವರ ಬೆನ್ನ ಹಿಂದೆ ಎಸೆದು, ತಿರುಗಿ ನೋಡದೆ ನಡೆದುಬಿಡಬೇಕು. ಚಪ್ಪರ, ವಾಲಗ, ಎರಡು ದಿನದ ಊಟ ಎಲ್ಲ ಗಂಟು ಹಾಕುವುದಕ್ಕೆ ಮಾತ್ರ. ಬಿಚ್ಚುವ ಕೆಲಸ ಬಲು ಅಗ್ಗ.

ಹಿಂದೆಲ್ಲ ಕಟ್ಟೆಯ ಪಕ್ಕದ ಹುಣಸೆಮರದಿಂದ ಒಣಗಿದ ಕಡ್ಡಿ ತರುತ್ತಿದ್ದರಂತೆ. ಅಷ್ಟರಲ್ಲಿ ರೇಷ್ಮೆಗೆ ರಾಜಯೋಗ ಬಂತು. ಮಾಗಡಿ ಕಡೆಯ ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟಗಳಾದವು. ನೆರಳು ಬಿದ್ದರೆ ಸೊಪ್ಪು ಕೆಡುತ್ತದೆಂದು ಬೈರಪ್ಪ ಹುಣಸೆ, ಬೇವು, ಹೊಂಗೆ ಎಲ್ಲ ಕಡಿಸಿ ರಾಮನಗರದ ನೂಲು ಬಿಚ್ಚುವ ಕಾರ್ಖಾನೆಗಳ ಒಲೆಗೆ ಲಾರಿ ಹತ್ತಿಸಿದ. ಊರಲ್ಲಿ ದುಡ್ಡು ಬಂತು, ಒಣಕಡ್ಡಿ ಹೋಯಿತು. ಗುಡಿಯ ಪೂಜಾರಿ ನರಸಯ್ಯ ಬೆಳಗ್ಗೆಯಿಂದ ಹುಡುಕಿ ಸುಸ್ತಾಗಿ, ಕೊನೆಗೆ ಬೈರಪ್ಪನ ತೋಟದಿಂದಲೇ ಹಿಪ್ಪುನೇರಳೆಯ ಒಂದು ರೆಂಬೆ ಕೊಯ್ದು ಎಲೆ ತರಿದು ತಂದಿದ್ದ. ಹಸಿ ರೆಂಬೆ, ಬೆರಳು ದಪ್ಪ.

ಅಪ್ಪ ಅವ್ವ ಹಿಡಿದು ಬಗ್ಗಿಸಿದರು. ಒಳಗೆ ಲಟಕ್ಕೆಂದಿತು. ಆದರೆ ಬೇರೆಯಾಗಲಿಲ್ಲ. ಅಪ್ಪ ಆಕಡೆ ತಿರುಚಿದ, ಈಕಡೆ ತಿರುಚಿದ. ಹಗ್ಗದಂತೆ ಹುರಿಗೊಂಡಿತೇ ಹೊರತು ಸಿಪ್ಪೆ ಹರಿಯಲಿಲ್ಲ.

"ಯಾಕ್ಲಾ ಪುಟ್ಲಿಂಗ, ಬೆಳಿಗ್ಗೆ ಮುದ್ದೆ ಉಂಡಿಲ್ವಾ?" ಯಾರೋ ಅಂದರು. ಕಟ್ಟೆಯ ಸುತ್ತ ನಗೆ ಎದ್ದಿತು.

ಅವ್ವ ನಗಲಿಲ್ಲ. "ಮುರೀನಿಲ್ಲ ಕಣ್ರಪ್ಪ. ನೋಡ್ಕಳಿ ಎಲ್ರೂವೆ, ಸಿಪ್ಪೆ ಹಿಡ್ಕೊಂಡೈತೆ" ಎಂದಳು.

ನರಸಯ್ಯ ತಲೆ ಕೆರೆದುಕೊಂಡ. "ಅದೂ ದಿಟವೇ ಯಜಮಾನ್ರೆ. ಇಬ್ರ ಕೈಲೇ ಎಲ್ಡಾಗ್ಬೇಕು, ಹಿಂದ್ಲಿಂದ ಬಂದದ್ದು. ಇನ್ನೊಂದಿನ ಒಣುಕ್ಲು ಕಡ್ಡಿ ತಂದು..."

"ಮುಚ್ಕೊಂಡು ಮಂಗ್ಳಾರ್ತಿ ಎತ್ತೋ ನೀನು. ಕುಡ್ಲು ತಗಂಬರ್ರೋ ಯಾರಾರ!"

ಸೊಪ್ಪು ಕೊಯ್ಯುವ ಕುಡುಗೋಲು ಬಂತು. ಬೈರಪ್ಪ ಕಟ್ಟೆಯಿಂದ ಇಳಿದು ಬಂದು, ಅಪ್ಪ ಅವ್ವ ಹಿಡಿದುಕೊಂಡಿರುವಂತೆಯೇ ಕಡ್ಡಿಯನ್ನು ನಡುವೆ ಕಚಕ್ಕೆಂದು ಕತ್ತರಿಸಿದ.

"ಎಲ್ಡಾಯ್ತಾ? ಆಯ್ತು. ಗಂಡು ಗಂಡ್ಗೆ, ಹೆಣ್ಣು ಹೆಣ್ಗೆ. ಎತ್ಕಳ್ಳಾ ಪುಟ್ಲಿಂಗ ಮಗೀನ."

ಅಪ್ಪ ಬಂದು ಅಪ್ಪಾಜಿಯನ್ನು ಕಿತ್ತುಕೊಂಡ. ಅವನು ಅಳಲಿಲ್ಲ, ಅಪ್ಪ ಎತ್ತಿಕೊಂಡನೆಂದು ಕೇಕೆ ಹಾಕಿದ. ಅವ್ವನ ಸೆರಗಿನ ತುದಿ ಅವನ ಬಾಯಿಂದ ಜಾರಿ ಬಿತ್ತು. ರಾಮನಗರದ ಬಸ್ಸು ಹತ್ತುವವರೆಗೂ ಅದು ಒದ್ದೆಯಾಗಿಯೇ ಇತ್ತು. ಅವ್ವ ತನ್ನ ಪಾಲಿನ ಕಡ್ಡಿಯನ್ನು ಬೆನ್ನ ಹಿಂದೆ ಎಸೆದಿರಲಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಿದ್ದಳು, ಮಗ ಕೂರುತ್ತಿದ್ದ ಜಾಗಕ್ಕೆ.

*

ಅವ್ವನ ತಪ್ಪು ಇಷ್ಟೇ: ಅವಳಿಗೆ ಮೂಗಿತ್ತು.

ನಾವು ಕುರಿ ಮಾರಿ ಹುಳಕ್ಕೆ ಬಿದ್ದವರು. ತೋಟ ಬೈರಪ್ಪನದು, ಹುಳದ ಮನೆ ಬೈರಪ್ಪನದು, ನಿದ್ದೆಗೇಡು ನಮ್ಮದು. ಕುರಿಗಳ ಹಿಂದೆ ನಡೆಯುತ್ತಿದ್ದ ಅಪ್ಪ ಈಗ ಬೈರಪ್ಪನ ಹಿಂದೆ ನಡೆಯುತ್ತಿದ್ದ. ನಡಿಗೆಯೇನೂ ಬದಲಾಗಿರಲಿಲ್ಲ. ಹುಳ ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆ ಸಲ ನಾಲ್ಕನೇ ಜ್ವರ ಎದ್ದು, ಇನ್ನು ವಾರದಲ್ಲಿ ಗೂಡು ಕಟ್ಟಬೇಕು ಎನ್ನುವಾಗ ಹುಳಗಳೆಲ್ಲ ತಟ್ಟೆಯಲ್ಲಿ ಹಸಿರು ಕಕ್ಕಿಕೊಂಡು ನುಲಿದು ಸತ್ತವು.

ಅವ್ವ ಬುಟ್ಟಿಯಲ್ಲಿದ್ದ ಸೊಪ್ಪನ್ನು ಮೂಸಿ ನೋಡಿದಳು. ಆಳುಗಳೆಲ್ಲ ಅಲ್ಲೇ ನಿಂತಿದ್ದರು.

"ಸೊಪ್ಪು ಔಷ್ದಿ ವಾಸ್ನೆ ಹೊಡೀತೈತೆ ಯಜಮಾನ್ರೆ. ಮೊನ್ನೆ ನಿಮ್ ಟಮಾಟೆಗೆ ಹೊಡುಸುದ್ರಲ್ಲ, ಗಾಳೀಲಿ ಬಂದು ಕೂತೈತೆ."

ಬೈರಪ್ಪ ಸೊಪ್ಪನ್ನು ಮೂಸಲಿಲ್ಲ, ಅವ್ವನನ್ನು ಮೇಲಿಂದ ಕೆಳಗೆ ನೋಡಿದ. "ನೀನು ಮುಟ್ಟಾಗಿ ಎಷ್ಟು ದಿನ ಆಯ್ತೆ?"

"ನೀರ್ ಹಾಕ್ಕೊಂಡು ಎಲ್ಡು ದಿನ ಆಯ್ತು."

"ಸುಳ್ಳು! ಹೊರಗಾದೋಳು ಹುಳದ್ಮನೆ ಹೊಕ್ಕವ್ಳೆ. ನನ್ ತೋಟುದ್ ಮ್ಯಾಲೆ ಹಾಕ್ತಾಳೆ ಬೋಸುಡಿ!"

ಎರಡು ದಿನದ ಲೆಕ್ಕಕ್ಕೆ ಸಾಕ್ಷಿ ಹೇಳಬೇಕಾದವನು ಅಪ್ಪ. ಅವನಿಗೆ ಕೆಮ್ಮು ಬಂತು. ಅಷ್ಟಕ್ಕೆ ತೀರ್ಪಾಯಿತು. ತಿಂಗಳಿಗೆ ಮೂರು ದಿನ ಹೊರಗಿರುತ್ತಿದ್ದವಳನ್ನು ಮೂವತ್ತೂ ದಿನ ಹೊರಗಿಟ್ಟರು. ಒಡೆಯ ಎಂಬ ಮಾತಿಗೆ ಒಡೆಯುವವನು ಎಂದು ಅರ್ಥ ಹೇಳಿದ್ದರೆ ನಮ್ಮ ಶಾಲೆಯ ಮೇಷ್ಟ್ರು ಬೆತ್ತ ತೆಗೆಯುತ್ತಿದ್ದರು. ನಾನು ಹೇಳಲಿಲ್ಲ.

*

ರಾಮನಗರದಲ್ಲಿ ಗಫಾರ್ ಸಾಬರ ಕಾರ್ಖಾನೆಯಲ್ಲಿ ಅವ್ವನಿಗೆ ನೂಲು ಬಿಚ್ಚುವ ಕೆಲಸ ಸಿಕ್ಕಿತು. ಕುದಿನೀರಿನ ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತಿರುತ್ತವೆ. ಅದರೊಳಗೆ ಬೆರಳಿಟ್ಟು ಎಳೆ ಹುಡುಕಬೇಕು. ಪಕ್ಕದ ತೊಟ್ಟಿಯ ಮಜೀದಾ ಅವ್ವನಿಗೆ ಕೆಲಸ ಕಲಿಸಿದಳು, ತನ್ನ ಮನೆಯ ಪಡಸಾಲೆಯಲ್ಲಿ ನಮಗೆ ಜಾಗ ಕೊಟ್ಟಳು. ಅವ್ವ ಆ ಕಡ್ಡಿಯನ್ನು ಡಾಲ್ಡಾ ಡಬ್ಬಿಯ ಮಣ್ಣಿಗೆ ಚುಚ್ಚಿಟ್ಟಳು. ಹದಿನೈದು ದಿನಕ್ಕೆ ಎರಡು ಕಣ್ಣು ಬಿಟ್ಟಿತು.

"ಅರೆ ಬೀರಮ್ಮಾ, ನಿನ್ ತಲಾಖ್ ಕಡ್ಡಿ ಚಿಗುರ್ಬುಟ್ಟದೆ ನೋಡು!" ಮಜೀದಾ ಕೂಗಿದಳು.

ಅವ್ವ ಮೊದಲ ಸಲ ಅತ್ತದ್ದು ಅವತ್ತು.

ನಾನು ಹೈಸ್ಕೂಲು ಸೇರಿದ ವರ್ಷ ಅವ್ವ ನನ್ನನ್ನು ಕರೆದುಕೊಂಡು ಕೋರ್ಟಿನ ಹತ್ತಿರ ಒಬ್ಬ ವಕೀಲರ ಬಳಿ ಹೋದಳು. ಮಗ ಬೇಕು ಎಂದಳು.

"ಬೇರೆಯಾದದ್ದಕ್ಕೆ ಪತ್ರ ಇದೆಯಾ?"

"ಕಡ್ಡಿ ಐತೆ ಸ್ವಾಮಿ. ಮುರೀದಲೇ ಕುಯ್ದವ್ರೆ."

ವಕೀಲರು ಗುಮಾಸ್ತನ ಕಡೆ ನೋಡಿ ಕಣ್ಣು ಮಿಟುಕಿಸಿದರು. "ಹಾಗಾದರೆ ಅದಕ್ಕೆ ಸ್ಟಾಂಪು ಹಾಕಿಸಿಕೊಂಡು ಬಾರಮ್ಮ, ನೋಡೋಣ."

ಅದು ಗೇಲಿ ಎಂದು ಅವ್ವನಿಗೆ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ. ಮನೆಗೆ ಓಡಿ ಹೋಗಿ ಚಿಗುರಿದ ಡಬ್ಬಿಯನ್ನೇ ಎತ್ತಿಕೊಂಡು ಬಂದೆವು. ಛಾಪಾಕಾಗದ ಮಾರುವವರ ಸಾಲಿನಲ್ಲಿ ಅವ್ವ ಡಬ್ಬಿ ಹಿಡಿದು ಒಬ್ಬೊಬ್ಬರನ್ನೇ ಕೇಳಿದಳು. "ಅಣ್ಣಾ, ಇದ್ಕೊಂದು ಸ್ಟಾಂಪು ಹಾಕ್ಕೊಡಿ."

"ಬೇರಿಗಾ, ಎಲೆಗಾ?" ಎಂದ ಒಬ್ಬ. ಸಾಲಿಗೆ ಸಾಲೇ ನಕ್ಕಿತು. ಟೀ ಹುಡುಗರೂ ನಿಂತು ನಕ್ಕರು. ಅವ್ವ ಅವರ ಜೊತೆ ತಾನೂ ಒಸಿ ನಕ್ಕಳು, ಎಲ್ಲರೂ ನಗುವಾಗ ನಗದಿದ್ದರೆ ಕೆಲಸ ಕೆಡಬಹುದೆಂದು. ಆ ನಗು ನನ್ನ ಎದೆಯಲ್ಲಿ ಇನ್ನೂ ಮುಳ್ಳಿನಂತಿದೆ.

ಇನ್ನುಳಿದಿದ್ದು ಗೂಡಿನ ಮಾರುಕಟ್ಟೆಯ ಗೇಟು. ಬೈರಪ್ಪನ ಗೂಡು ಹೊತ್ತು ಅಪ್ಪ ಬರುವ ದಿನ ಗೊತ್ತು ಮಾಡಿಕೊಂಡು ಅವ್ವ ಕಡಲೆಮಿಠಾಯಿ ಹಿಡಿದು ನಿಲ್ಲುತ್ತಿದ್ದಳು. ಒಂದು ದಿನ ಅಪ್ಪನ ಜೊತೆ ಅಪ್ಪಾಜಿಯೂ ಬಂದ. ಎಂಟು ವರ್ಷವಾಗಿತ್ತು. ಅವ್ವನ ಕಣ್ಣು, ಅಪ್ಪನ ಕೆಮ್ಮು.

ಅವ್ವ ಮಿಠಾಯಿ ನೀಡಿದಳು.

"ಅಪ್ಪಾ, ಯಾರು ಈಯಮ್ಮ?"

ಅಪ್ಪ ಮತ್ತೆ ಹೆಬ್ಬೆರಳು ನೋಡಿಕೊಂಡ. "ಯಾರೋ ನೂಲು ಬಿಚ್ಚೋರು ಕಣ್ಲಾ. ನಡಿ."

"ಮಗಾ, ನಿಮ್ಮವ್ವ..." ಅವ್ವ ಶುರು ಮಾಡಿದಳು.

"ನಮ್ಮವ್ವ ಸತ್ತೋಗವ್ಳೆ" ಎಂದ ಅವನು, ಪಾಠ ಒಪ್ಪಿಸುವವನಂತೆ. ಆಮೇಲೆ ಮಿಠಾಯಿ ಬಿಟ್ಟು ಅವಳ ಅಂಗೈ ನೋಡಿದ. ಬಿಳಿಚಿ, ಸುಲಿದು, ತೂತುಬಿದ್ದ ಬೆರಳುಗಳು. "ನಿನ್ ಕೈ ಯಾಕೆ ಹಿಂಗೆ ಬೆಂದೋಗೈತೆ?"

ಅವ್ವ ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡಳು. ಮಿಠಾಯಿ ನೆಲಕ್ಕೆ ಬಿತ್ತು.

*

ನಾನು ಕಾನೂನು ಓದಲು ಸೇರಿದೆ. ಹಾಸ್ಟೆಲಿನ ವಿದ್ಯಾರ್ಥಿವೇತನಕ್ಕೆ ಸಂದರ್ಶನವಿತ್ತು. ಮೂವರು ಹಿರಿಯರು, ಒಂದು ತಟ್ಟೆ ಗೋಡಂಬಿ.

"ಮುನಿತಾಯಮ್ಮ. ಆಹಾ, ಮುಂದೆ ಏನಾಗಬೇಕು ಅಂತಿದೀಯಾ ತಾಯಿ?"

"ಗಂಡಹೆಂಡ್ರು, ಮಕ್ಕಳ ಕೇಸು ನಡೆಸ್ಬೇಕು ಸಾರ್. ಫ್ಯಾಮಿಲಿ ಲಾ."

"ಇನ್ನೂ ಮದುವೆನೇ ಆಗಿಲ್ಲ, ಆಗಲೇ ಬಿಡಿಸೋ ಯೋಚನೆ!" ನಡುವಿನವರು ನಕ್ಕರು. "ಭೂಮಿ ಕೇಸು ಹಿಡಿಯಮ್ಮ, ಹೊಟ್ಟೆ ತುಂಬುತ್ತೆ. ಇದು ಯಾಕೆ?"

"ಒಂದು ಕಡ್ಡಿ ಮುರೀಲಿಲ್ಲ ಸಾರ್, ಅದಕ್ಕೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಗದ ನನ್ನ ಕಡೆಗೇ ಇದ್ದುದರಿಂದ ಬರೆದದ್ದು ಕಾಣಿಸಿತು: ಉತ್ತರ ಅಸ್ಪಷ್ಟ.

ಎರಡನೇ ವರ್ಷ ತರಗತಿಯಲ್ಲಿ ಮೇಡಂ ಪುಸ್ತಕ ನೋಡದೆ ಹೇಳಿದರು. ಗಂಡಹೆಂಡಿರ ಬಿಡುಗಡೆಯ ರೂಢಿ ಇರುವ ಕಡೆ ಅದನ್ನು ಕಾನೂನು ಒಪ್ಪುತ್ತದೆ. ಆದರೆ ರೂಢಿ ಹೇಗಿದೆಯೋ ಹಾಗೆಯೇ ನಡೆದಿರಬೇಕು, ಅರ್ಧಂಬರ್ಧ ನಡೆದದ್ದು ಬಿಡುಗಡೆಯಲ್ಲ. ಇನ್ನೊಂದು ಮಾತನ್ನೂ ಹೇಳಿದರು. ಐದು ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರಬೇಕು. ಆ ಕಾಯಿದೆ ಬಂದದ್ದು ಐವತ್ತಾರನೇ ಇಸವಿಯಲ್ಲಿ.

ಕಟ್ಟೆಯ ಮುಂದೆ ನಿಂತ ದಿನ ಅಪ್ಪಾಜಿಗೆ ಮೂರು ವರ್ಷ. ಕಾಯಿದೆಗೆ ಇಪ್ಪತ್ತೇಳು. ಅಷ್ಟು ದೊಡ್ಡದಾಗಿದ್ದರೂ ಅದಕ್ಕೆ ನಮ್ಮೂರ ಬಸ್ಸು ಹತ್ತಲು ಬಂದಿರಲಿಲ್ಲ.

ಆ ಸಂಜೆಯೇ ಮನೆಗೆ ಹೋದೆ. ಹಬೆ ಕುಡಿದು ಕುಡಿದು ಅವ್ವನ ಎದೆ ಸಿಳ್ಳೆ ಹಾಕುತ್ತಿತ್ತು. ಕಾರ್ಖಾನೆ ಹಿತ್ತಲಿಗೆ ಕಿತ್ತು ನೆಟ್ಟಿದ್ದ ಡಬ್ಬಿಯ ಗಿಡ ಮರವಾಗಿತ್ತು. ಅವಳು ಅದರ ಕೆಳಗೆ ಕೂತಿದ್ದಳು.

"ಅವ್ವಾ, ಅವತ್ತು ಆದದ್ದು ಲೆಕ್ಕಕ್ಕಿಲ್ಲ ಕಣವ್ವ! ನೀನಿನ್ನೂವೆ ಅಪ್ಪನ ಹೆಂಡ್ತಿನೇಯ!"

"ಹೆಂಡ್ತಿ ಆಯ್ಕಂಡು ಏನ್ಮಾಡ್ಲವ್ವ" ಎಂದಳು ಅವ್ವ. "ನಾನು ಕೇಳಿದ್ದು ತಾಯಿ ಆಗಕ್ಕೆ."

ಮಗುವಿನ ಕಾಯಿದೆಯನ್ನೂ ಹೇಳಿದೆ. ಹೇಳಬಾರದಿತ್ತು.

ಅವ್ವ ಬಹಳ ಹೊತ್ತು ಬೆರಳು ಮಡಿಸಿದಳು. "ಐದು ತುಂಬೋಗಂಟ ಅಂದ್ಯಾ? ಅವ್ನಿಗೀಗ ಹನ್ನೆಲ್ಡು. ಯಾರೂ ಯೋಳ್ನೇ ಇಲ್ವಲ್ಲೇ ನಂಗೆ."

*

ಊರಿನ ದಾಸಮ್ಮನಿಗೂ ಕಡ್ಡಿ ಕೊಡುತ್ತಾರಂತೆ ಎಂಬ ಸುದ್ದಿ ಮಾರುಕಟ್ಟೆಯಿಂದ ಬಂತು. ಅವಳದ್ದು ಹಾಲುಗೂಸು, ಗಂಡುಮಗು. ಅವ್ವ ಏಳಲಾರದವಳು ಎದ್ದು, ಮರದಿಂದ ಬೆರಳು ದಪ್ಪದ ರೆಂಬೆ ಕೊಯ್ದು, ಎಲೆ ತರಿದು ನನ್ನ ಕೈಗಿಟ್ಟಳು.

"ತಗಂಡೋಗು. ಆ ಊರ್ನಾಗೆ ಈಗ್ಲೂ ಒಣುಕ್ಲು ಕಡ್ಡಿ ಸಿಕ್ಕಕ್ಕಿಲ್ಲ."

ನಿಜವಾಗಿಯೂ ಸಿಕ್ಕಿರಲಿಲ್ಲ. ಮುದುಕನಾಗಿದ್ದ ನರಸಯ್ಯ ಬರಿಗೈಯಲ್ಲಿ ಕಟ್ಟೆಯ ಹತ್ತಿರ ನಿಂತಿದ್ದ. ನನ್ನ ಕೈಯ ಕಡ್ಡಿ ಕಂಡು, ಯಾರು ಎತ್ತ ಎಂದು ಕೇಳದೆ ಇಸಿದುಕೊಂಡ. ದಾಸಮ್ಮ ಒಂದು ತುದಿ ಹಿಡಿದಳು, ಗಂಡ ಒಂದು ತುದಿ. ಬಗ್ಗಿಸಿದರು. ಲಟಕ್ಕೆಂದಿತು. ತಿರುಚಿದರು. ಸಿಪ್ಪೆ ಹರಿಯಲಿಲ್ಲ.

"ಕುಡ್ಲು ತಗಂಬಾರ್ಲಾ!" ಕಟ್ಟೆಯಿಂದ ಬೈರಪ್ಪನ ದನಿ, ಹಳೆಯದೇ.

"ಕುಡ್ಲು ಮುಟ್ಟಂಗಿಲ್ಲ" ಎಂದೆ. "ಇಬ್ರ ಕೈಲೇ ಎಲ್ಡಾಗ್ಬೇಕು. ಅಲ್ವ ನರಸಯ್ಯನೋರೆ? ಆಗ್ನಿಲ್ಲ ಅಂದ್ರೆ ಬುಡುಗಡೆ ಆಗ್ನಿಲ್ಲ. ಮಗು ತಾಯಿತಾವೇ ಇರ್ತದೆ. ಕೋರ್ಟ್ನಾಗೂ ಇದೇ ಯೋಳ್ತೀನಿ."

"ಯಾವಳ್ಲಾ ಇವ್ಳು?"

"ಬೀರಮ್ಮನ ಮಗಳು."

ನರಸಯ್ಯ ನೆಲ ನೋಡಿದ. ಬೈರಪ್ಪ ಕಟ್ಟೆಯಿಂದ ಇಳಿದು, ನನ್ನನ್ನು ದಾಟಿ ಕೈ ಚಾಚಿದ. "ಕುಡ್ಲು ಕೊಡ್ಲಾ ಅಪ್ಪಾಜಿ."

ಜನ ಸರಿದು ದಾರಿ ಬಿಟ್ಟರು. ಹನ್ನೆರಡು ವರ್ಷದ ನನ್ನ ತಮ್ಮ ಸೊಪ್ಪಿನ ಹೊರೆ ಕೆಳಗಿಳಿಸಿ, ಕುಡುಗೋಲು ಹಿಡಿದು ಬಂದು ನಮ್ಮಿಬ್ಬರ ನಡುವೆ ನಿಂತ. ಕೆಮ್ಮಿದ.

"ನಮ್ಮವ್ವ ಸತ್ತಿಲ್ಲ ಕಣೋ ಅಪ್ಪಾಜಿ" ಎಂದೆ.

ಅವನು ನನ್ನ ಮುಖ ನೋಡಿದ. ದಾಸಮ್ಮನ ಸೊಂಟದ ಕೂಸು ನೋಡಿದ. ನುಲಿದ ಕಡ್ಡಿ ನೋಡಿದ. ಆಮೇಲೆ ನನಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಕೇಳಿದ:

"ಕೈ ಬೆಂದೋಗಿತ್ತಲ್ಲ... ಆಯಮ್ಮನಾ?"

"ಕೊಡ್ಲಾ ಲೌಡಿಮಗನೆ!" ಬೈರಪ್ಪ ಅರಚಿದ.

ಅಪ್ಪಾಜಿ ಕುಡುಗೋಲನ್ನು ಕೊಡಲೂ ಇಲ್ಲ, ಕೆಳಗಿಡಲೂ ಇಲ್ಲ.